ನೇತ್ರಾವತಿ ಬತ್ತಿದಾಗ ನೀರಿಗೆಷ್ಟು ಬೆಲೆ?

2019ರ ಮೇ ತಿಂಗಳು. ನೇತ್ರಾವತಿ ನದಿ ಸೊರಗಿ, ಮಂಗಳೂರಿನ ಮನೆಗಳಿಗೆ ನೀರು ಸರದಿಯಲ್ಲಿ ಬರತೊಡಗಿತ್ತು. ಆಗಲೇ ಅಲ್ಲಿನ ತೈಲ ಕಾರ್ಖಾನೆ ಎಂಆರ್‌ಪಿಎಲ್ ಕೂಡ ತನ್ನ ಕೆಲವು ಘಟಕಗಳನ್ನು ನಿಲ್ಲಿಸಬೇಕಾಯಿತು. ವರ್ಷಕ್ಕೆ 1.5 ಕೋಟಿ ಟನ್ ಕಚ್ಚಾತೈಲ ಸಂಸ್ಕರಿಸಬಲ್ಲ ಶುದ್ಧೀಕರಣಾಗಾರವನ್ನು ತಡೆದದ್ದು ತೈಲವಲ್ಲ, ನೀರು. ಉಗಿ ಎಬ್ಬಿಸುವುದಕ್ಕೂ ಯಂತ್ರ ತಣಿಸುವುದಕ್ಕೂ ಅದೇ ಬೇಕು.

ಇರುವಷ್ಟರಲ್ಲಿ ಯಾವುದನ್ನು ಎಷ್ಟು ಮಾಡಬೇಕು? ಇದನ್ನು ಬಿಡಿಸುವ ಗಣಿತ ದ್ವಿತೀಯ ಪಿಯುಸಿ ಪುಸ್ತಕದಲ್ಲೇ ಇದೆ: ಲೀನಿಯರ್ ಪ್ರೋಗ್ರಾಮಿಂಗ್. ಗ್ರಾಫ್ ಹಾಳೆಯಲ್ಲಿ ಗೆರೆ ಎಳೆದು, ಅಂಕ ಗಳಿಸಿ, ಹೆಚ್ಚಿನವರು ಅಲ್ಲಿಗೇ ಬಿಟ್ಟುಬಿಡುತ್ತಾರೆ. ತೈಲೋದ್ಯಮ ಬಿಡಲಿಲ್ಲ. 1947ರಲ್ಲಿ ಅಮೆರಿಕದ ಜಾರ್ಜ್ ಡಾಂಟ್ಸಿಗ್ ಸಿಂಪ್ಲೆಕ್ಸ್ ವಿಧಾನ ರೂಪಿಸಿದರು. 1952ರ ಹೊತ್ತಿಗೆ ಚಾರ್ನ್ಸ್, ಕೂಪರ್ ಮತ್ತು ಮೆಲನ್ ವಿಮಾನದ ಪೆಟ್ರೋಲ್ ಮಿಶ್ರಣದ ಲೆಕ್ಕಕ್ಕೆ ಇದೇ ಗಣಿತವನ್ನು ಬಳಸಿ ಪ್ರಬಂಧ ಪ್ರಕಟಿಸಿದ್ದರು. ಯಾವ ಕಚ್ಚಾತೈಲ ಕೊಳ್ಳಬೇಕು, ಅದರಿಂದ ಡೀಸೆಲ್ ಎಷ್ಟು, ಪೆಟ್ರೋಲ್ ಎಷ್ಟು ತೆಗೆಯಬೇಕು ಎಂಬುದನ್ನು ಜಗತ್ತಿನ ಶುದ್ಧೀಕರಣಾಗಾರಗಳು ಇಂದಿಗೂ ಹೀಗೆಯೇ ಲೆಕ್ಕ ಹಾಕುತ್ತವೆ.

ಒಂದು ಕಲ್ಪಿತ ಲೆಕ್ಕ ನೋಡೋಣ. ಹಗುರ ತೈಲದ ಒಂದು ಪಾಲು ಸಂಸ್ಕರಿಸಲು 2 ಪಾಲು ನೀರು ಬೇಕು, ಲಾಭ 3 ರೂಪಾಯಿ. ಭಾರ ತೈಲಕ್ಕೆ 3 ಪಾಲು ನೀರು, ಲಾಭ 4. ದಿನಕ್ಕೆ ಒಟ್ಟು 100 ಪಾಲು ತೈಲಕ್ಕಷ್ಟೇ ಯಂತ್ರದಲ್ಲಿ ಜಾಗ. ನೀರು 240 ಪಾಲು. ಈ ಎರಡು ಮಿತಿಗಳ ಗೆರೆ ಎಳೆದರೆ, ಒಳಗೆ ಉಳಿಯುವ ಜಾಗವೆಲ್ಲ ಸಾಧ್ಯವಾದ ಯೋಜನೆಗಳೇ. ಲಾಭ ಹೆಚ್ಚುವ ದಿಕ್ಕಿಗೆ ಸರಿಯುತ್ತ ಹೋದರೆ ಕೊನೆಗೆ ಒಂದು ಮೂಲೆಗೆ ತಲುಪುತ್ತೇವೆ; ಹಾಗಾಗಿ ಮೂಲೆಗಳನ್ನು ನೋಡಿದರೆ ಸಾಕು. ಬರೀ ಹಗುರ ತೈಲವಾದರೆ 300 ರೂಪಾಯಿ, ಬರೀ ಭಾರವಾದರೆ 320. ಗೆರೆಗಳು ಕೂಡುವಲ್ಲಿ, 60 ಪಾಲು ಹಗುರ ಮತ್ತು 40 ಪಾಲು ಭಾರ, 340. ನೀರು ಇನ್ನೊಂದು ಪಾಲು ಸಿಕ್ಕಿದ್ದರೆ 341. ಈ ಒಂದು ರೂಪಾಯಿಯೇ ಆ ಪಾಲು ನೀರಿನ ನೆರಳು ಬೆಲೆ.

ಈಗ ನೀರನ್ನು 150ಕ್ಕೆ ಇಳಿಸಿ. ಭಾರ ತೈಲ ಪೂರ್ತಿ ಕೈಬಿಟ್ಟುಹೋಗುತ್ತದೆ. 75 ಪಾಲು ಹಗುರ ತೈಲ, ಲಾಭ 225. ಯಂತ್ರದ ಕಾಲು ಭಾಗ ಖಾಲಿ. ಯಂತ್ರಕ್ಕೆ ಇನ್ನಷ್ಟು ಜಾಗ ಸೇರಿಸಿದರೂ ಒಂದು ಪೈಸೆ ಹುಟ್ಟದು. ಒಂದು ಪಾಲು ನೀರಿನ ನೆರಳು ಬೆಲೆ ಮಾತ್ರ ಒಂದೂವರೆ ರೂಪಾಯಿಗೆ ಏರಿದೆ. ಬೇಸಿಗೆಯಲ್ಲಿ ಕಾರ್ಖಾನೆಯ ಗತಿ ಹೇಗೆ ಮಗುಚಿ ಬೀಳುತ್ತದೆಂದು ನಾಲ್ಕು ಸಾಲಿನಲ್ಲಿ ತೋರಿಸುವ ಈ ಗಣಿತದ ಬಗ್ಗೆ ನನಗೆ ಅಪಾರ ಗೌರವ.

ಆದರೆ ಊರಿನ ಕುಡಿಯುವ ನೀರನ್ನು ಈ ಲೆಕ್ಕದಲ್ಲಿ ಎಲ್ಲಿ ಬರೆಯುತ್ತೇವೆ? ಅದನ್ನು ಲಾಭದ ಸಾಲಿಗೆ ಸೇರಿಸಿದರೆ, ಯಾವುದೋ ಬೆಲೆಗೆ ಅದೂ ಮಾರಾಟಕ್ಕೆ ಬಂದೀತು. ಅದು ಮಿತಿಗಳ ಸಾಲಿನಲ್ಲೇ ಇರಬೇಕು: ಇಷ್ಟು ನೀರು ಮೊದಲು ಮನೆಗಳಿಗೆ, ಉಳಿದದ್ದು ಕಾರ್ಖಾನೆಗೆ. ಈ ಆಯ್ಕೆಯನ್ನು ಗಣಿತ ಮಾಡಿಕೊಡುವುದಿಲ್ಲ, ನಾವೇ ಮಾಡಬೇಕು.

ಮುಂದೆ ಎಂಆರ್‌ಪಿಎಲ್ ತಣ್ಣೀರುಬಾವಿಯಲ್ಲಿ ಕಡಲ ನೀರನ್ನು ಸಿಹಿ ಮಾಡುವ ಸ್ಥಾವರ ಕಟ್ಟಿತು. ಇಂಥ ಸ್ಥಾವರದ ನೀರು ದುಬಾರಿ. ಅದನ್ನು ನದಿ ನೀರಿನ ದರದ ಜೊತೆಗಿಟ್ಟು ತೂಗುವುದು ತಪ್ಪು. ಮೇ ತಿಂಗಳ ನೆರಳು ಬೆಲೆಯ ಜೊತೆಗಿಟ್ಟು ತೂಗಬೇಕು. ಜುಲೈಯಲ್ಲಿ ನೇತ್ರಾವತಿ ದಡ ಮೀರಿ ಹರಿಯುವಾಗ ಆ ಬೆಲೆ ಸೊನ್ನೆ. ಆದ್ದರಿಂದ ವರ್ಷಕ್ಕೊಂದೇ ಲೆಕ್ಕ ಸಾಲದು, ತಿಂಗಳಿಗೊಂದು ಬೇಕು.