ನುಡಿನಮನವೂ ನಡೆನಮನವೂ

ಹಿರೇಹಡಗಲಿಯ ಬಸ್ ನಿಲ್ದಾಣದಲ್ಲಿ ಇಳಿದವರ ಕಣ್ಣಿಗೆ, ಋತು ಯಾವುದೇ ಇರಲಿ, ಮೊದಲು ಬೀಳುವುದು ಊರ ಹಿರಿಯರೊಬ್ಬರ ಭಾವಚಿತ್ರವನ್ನು ಹೊತ್ತ ಫ್ಲೆಕ್ಸು. ಅದರ ನೆತ್ತಿಯಲ್ಲಿ ‘ಭಾವಪೂರ್ಣ ಶ್ರದ್ಧಾಂಜಲಿ’ ಎಂಬ ಶೀರ್ಷಿಕೆ, ಪಾದದಲ್ಲಿ ‘ಮತ್ತೆ ಹುಟ್ಟಿ ಬನ್ನಿ’ ಎಂಬ ಬಿನ್ನಹ, ನಡುವೆ ಯಾರ ಮರಣಕ್ಕಾದರೂ ತಪ್ಪದೆ ಒದಗಿಬರುವ ‘ತುಂಬಲಾರದ ನಷ್ಟ’ ಎಂಬ ಮಾತು. ಅಲ್ಲಿಂದ ನಡೆದು, ಕಲ್ಯಾಣದ ಚಾಲುಕ್ಯರ ಕಾಲದ ಶಿಲ್ಪಿಗಳು 11ನೆಯ ಶತಮಾನದಲ್ಲಿ ಕಡೆದು ನಿಲ್ಲಿಸಿದ ಕಲ್ಲೇಶ್ವರನ ಗುಡಿಯನ್ನು ಹೊಕ್ಕು, ಬಾಗಿಲುವಾಡದ ಬಳ್ಳಿಗಳ ಮೇಲೆ ಬೆರಳಾಡಿಸಿದವನಿಗೆ ಇನ್ನೊಂದು ಬಗೆಯ ಸ್ಮರಣೆಯ ಪರಿಚಯವಾಗುತ್ತದೆ: ಕಡೆದವನ ಭಾವಚಿತ್ರವಿಲ್ಲ, ಅವನಿಗಾಗಿ ಅತ್ತವರ ಪಟ್ಟಿಯಿಲ್ಲ, ಅವನ ಕೈಗೆಲಸ ಮಾತ್ರವೇ ಇದೆ; ಸುಮಾರು ಒಂದು ಸಾವಿರ ವರ್ಷಗಳ ಮಳೆಬಿಸಿಲಿಗೆ ಮೈಯೊಡ್ಡಿ ಇದೆ.

ಸತ್ತವರನ್ನು ಸಾರ್ವಜನಿಕವಾಗಿ ನೆನೆಯುವ ವಿದ್ಯೆ ಕನ್ನಡನಾಡಿಗೆ ಹೊಸದಲ್ಲ. ಊರ ಗಡಿಯಲ್ಲಿ ತುರುಗಳನ್ನು ಕಾಯುತ್ತ ಮಡಿದವನಿಗೆ ವೀರಗಲ್ಲನ್ನು ನಿಲ್ಲಿಸಿ, ಕೆಳಗಿನ ಪಟ್ಟಿಕೆಯಲ್ಲಿ ಅವನ ಕಾಳಗವನ್ನೂ, ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುವುದನ್ನೂ, ಮೇಲೆ ಶಿವಸಾನ್ನಿಧ್ಯವನ್ನೂ ಕೆತ್ತಿದ ಪೂರ್ವಿಕರು, ಅವನು ಏನು ಮಾಡಿದನೆಂಬುದನ್ನು ತೋರಿಸದೆ ಅವನು ಏನನ್ನು ಪಡೆದನೆಂಬುದನ್ನು ಹೇಳಲಿಲ್ಲ. ಆದರೆ ಕಾಳಗವನ್ನಾಗಲಿ ಕೆರೆಯನ್ನಾಗಲಿ ಕಲ್ಲಿನಲ್ಲಿ ತೋರಿಸಬಹುದು. ಕಣ್ಣಿಗೆ ಕಾಣದ ಎತ್ತರದಲ್ಲಿ, ಸಾಮಾನ್ಯರಿಗೆ ನಿಲುಕದ ಗಣಿತದಲ್ಲಿ ಆಯುಷ್ಯವನ್ನು ಸವೆಸಿದ ವಿಜ್ಞಾನಿಯೊಬ್ಬ ತೀರಿಕೊಂಡಾಗ ನಾಡು ಅವನನ್ನು ಹೇಗೆ ನೆನೆಯಬೇಕು?

ಈ ಪ್ರಶ್ನೆ ನನ್ನಲ್ಲಿ ಹುಟ್ಟಿದ್ದು 2017ರ ಜುಲೈ 24ರಂದು. ಅಂದು ಶ್ರಾವಣದ ಮೊದಲನೆಯ ಸೋಮವಾರ. ಹಿಂದಿನ ವರ್ಷದ ಬರವನ್ನುಂಡು ಬಂದಿದ್ದ ರೈತರು ಗುಡಿಗೆ ಬಂದು ಆಕಾಶವನ್ನೊಮ್ಮೆ ಲಿಂಗವನ್ನೊಮ್ಮೆ ನೋಡುತ್ತಿದ್ದ ದಿನ. ಆ ನಸುಕಿನಲ್ಲಿ ಬೆಂಗಳೂರಿನ ತಮ್ಮ ಮನೆಯಲ್ಲಿ, 85ನೆಯ ವಯಸ್ಸಿನಲ್ಲಿ, ಪ್ರೊಫೆಸರ್ ಉಡುಪಿ ರಾಮಚಂದ್ರ ರಾವ್ ಕೊನೆಯುಸಿರೆಳೆದಿದ್ದರು. ಪ್ರಧಾನಮಂತ್ರಿಗಳ ಸಂತಾಪ ಸಂದೇಶ ಬಂದಿತು. ಬಾಹ್ಯಾಕಾಶ ಸಂಸ್ಥೆಯವರು ತಮ್ಮ ಹಿರಿಯನನ್ನು ಗೌರವದಿಂದ ನೆನೆದರು. ಪತ್ರಿಕೆಗಳು ‘ಉಪಗ್ರಹ ಪುರುಷ’ನೆಂದು ಕರೆದವು. ಅದೇ ವರ್ಷ ಪದ್ಮವಿಭೂಷಣ ಪ್ರಶಸ್ತಿ ಅವರ ಪಾಲಿಗೆ ಬಂದಿತ್ತೆಂಬುದು ಒಂದು ಸಮಾಧಾನ. ನಮ್ಮಲ್ಲಿ ಹಾರಗಳು ಕೊರಳಿಗೆ ಬೀಳುವುದಕ್ಕಿಂತ ಭಾವಚಿತ್ರಕ್ಕೆ ಬೀಳುವುದೇ ಹೆಚ್ಚು.

ಮರುದಿನ ಗುಡಿಯ ಕಟ್ಟೆಯ ಮೇಲೆ ಪತ್ರಿಕೆ ಬಿಡಿಸಿಕೊಂಡು ಕುಳಿತ ನನ್ನನ್ನು ಪಕ್ಕದ ವೃದ್ಧರೊಬ್ಬರು ಕೇಳಿದರು:

“ಯಾರ್ರೀ ಮಾಸ್ತರ ಇವ್ರು, ನಮ್ಮ ಕಡಿಯವ್ರೇನು?”

“ಹುಟ್ಟಿದ್ದು ಉಡುಪಿ ಕಡೀಗೆ ಅಜ್ಜಾ, ಓದಿದ್ದು ಒಂದಷ್ಟು ದಿನ ನಮ್ಮ ಬಳ್ಳಾರ್ಯಾಗ.”

“ಇವ್ರು ಮ್ಯಾಲೆ ಬಿಟ್ಟದ್ದು ಮಳಿ ತರತೈತೇನ್ರೀ?”

“ತರೂದಿಲ್ಲ. ಬರೂದನ್ನ ಮುಂದಾಗಿ ಹೇಳತೈತಿ.”

ಅಜ್ಜ ಸ್ವಲ್ಪ ಹೊತ್ತು ಯೋಚಿಸಿ, “ಹಂಗಂದ್ರ ನಮ್ಮ ಮೈಲಾರದ ಕಾರಣಿಕ ಇದ್ದಂಗ ಅನ್ರಿ” ಎಂದರು.

ಆ ಹೋಲಿಕೆಯನ್ನು ನಗೆಯಾಡಿ ಕಳೆಯಲು ನನಗೆ ಮನಸ್ಸಾಗಲಿಲ್ಲ. ಹಡಗಲಿ ತಾಲ್ಲೂಕಿನ ಮೈಲಾರದ ಡೆಂಕನಮರಡಿಯಲ್ಲಿ, ಭರತ ಹುಣ್ಣಿಮೆಯ ಜಾತ್ರೆಯಲ್ಲಿ, ಗೊರವಯ್ಯನು ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿದೊಡನೆ ಲಕ್ಷಾಂತರ ಕಂಠಗಳು ಒಮ್ಮೆಗೇ ಸ್ತಬ್ಧವಾಗುವ ಆ ಕ್ಷಣವನ್ನು ಕಂಡವರು ಬಲ್ಲರು, ಬರಲಿರುವುದನ್ನು ಅರಿಯಬೇಕೆಂಬ ಒಕ್ಕಲಿನ ಹಂಬಲ ಎಷ್ಟು ಆಳವಾದುದೆಂದು. ಅವನ ಒಂದು ಸಾಲಿನ ನುಡಿಯನ್ನು ಮಳೆಬೆಳೆಗೆ ಅನ್ವಯಿಸಿಕೊಂಡು ಜನ ಮನೆಗೆ ಮರಳುತ್ತಾರೆ. ರಾಯರ ದೂರದೃಷ್ಟಿಯ ಬಗೆ ಬೇರೆ. ಆದರೆ ಅದು ಉತ್ತರಿಸಹೊರಟ ಹಂಬಲ ಇದೇ. ಬರಲಿರುವುದನ್ನು ನುಡಿಯುವುದಕ್ಕಿಂತ ಹೆಚ್ಚಾಗಿ, ಬರಲಿರುವುದನ್ನು ಕಾಣಬಲ್ಲ ಕಣ್ಣುಗಳನ್ನು ಮಾಡಿ ಮೇಲೆ ನಿಲ್ಲಿಸುವುದು ಅವರ ಕೆಲಸವಾಗಿತ್ತು.

1932ರ ಮಾರ್ಚ್ 10ರಂದು ಉಡುಪಿಯ ಸಮೀಪದ ಅದಮಾರಿನಲ್ಲಿ ಹುಟ್ಟಿದ ಬಾಲಕ, ಉಡುಪಿಯಲ್ಲಿ ಪ್ರೌಢಶಾಲೆಯನ್ನು ಮುಗಿಸಿ, ಇಂಟರ್‌ಮೀಡಿಯೆಟ್ ವ್ಯಾಸಂಗಕ್ಕೆಂದು ಬಂದುದು ಬಳ್ಳಾರಿಯ ವೀರಶೈವ ಕಾಲೇಜಿಗೆ. ಮುಂದೆ ಪದವಿಗಾಗಿ ಹೋದುದು ಅನಂತಪುರಕ್ಕೆ. ಇಂದಿನ ನಕ್ಷೆಯಲ್ಲಿ ದೂರದೂರವೆನಿಸುವ ಈ ಮೂರು ಊರುಗಳೂ ಆಗ ಮದರಾಸು ಪ್ರಾಂತಕ್ಕೆ ಸೇರಿದ್ದವು. ಬಳ್ಳಾರಿ ಮೈಸೂರಿನೊಡನೆ ಕೂಡಿದ್ದು 1953ರಲ್ಲಿ, ನಮ್ಮ ಹಡಗಲಿ ವಿಜಯನಗರ ಜಿಲ್ಲೆಯದಾದದ್ದು 2021ರಲ್ಲಿ. ಹಡಗಲಿ, ಕೂಡ್ಲಿಗಿಗಳ ಹುಡುಗರು ಕಾಲೇಜೆಂದರೆ ಮುಖ ಮಾಡುತ್ತಿದ್ದ ಆ ಬಳ್ಳಾರಿಯ ಬಿಸಿಲಿನಲ್ಲಿಯೇ ಕರಾವಳಿಯ ಈ ಹುಡುಗನೂ ಭೌತಶಾಸ್ತ್ರದ ಪುಸ್ತಕಗಳನ್ನು ಹಿಡಿದು ನಡೆದನೆಂಬುದನ್ನು ನೆನೆದರೆ, ‘ನಮ್ಮ ಕಡಿಯವ್ರೇನು’ ಎಂಬ ಅಜ್ಜನ ಪ್ರಶ್ನೆಗೆ ಅರ್ಧ ‘ಹೌದು’ ಎನ್ನಲು ಅಡ್ಡಿಯಿಲ್ಲ. ಕಾಶಿಯ ವಿಶ್ವವಿದ್ಯಾನಿಲಯದಿಂದ ಅಹಮದಾಬಾದಿಗೆ ಹೋಗಿ, ವಿಕ್ರಮ್ ಸಾರಾಭಾಯಿಯವರ ಮಾರ್ಗದರ್ಶನದಲ್ಲಿ ವಿಶ್ವಕಿರಣಗಳನ್ನು ಕುರಿತು ಸಂಶೋಧನೆ ನಡೆಸಿ, ಅಮೆರಿಕದಲ್ಲಿ ಪಯೋನಿಯರ್, ಎಕ್ಸ್‌ಪ್ಲೋರರ್ ನೌಕೆಗಳ ಪ್ರಯೋಗಗಳಲ್ಲಿ ತೊಡಗಿ, ಸೂರ್ಯನಿಂದ ಎಡೆಬಿಡದೆ ಹೊರಹರಿಯುವ ಕಣಪ್ರವಾಹವಾದ ಸೌರಮಾರುತವನ್ನು ಅಭ್ಯಸಿಸಿದ ರಾಯರು 1966ರಲ್ಲಿ ಸ್ವದೇಶಕ್ಕೆ ಮರಳಿದರು.

ಐದು ವರ್ಷಗಳು ಕಳೆಯುವಷ್ಟರಲ್ಲಿ, 1971ರ ಡಿಸೆಂಬರ್ 30ರಂದು, ಗುರು ಸಾರಾಭಾಯಿ ಹಠಾತ್ತನೆ ತೀರಿಕೊಂಡರು. ಅವರಿಗಾಗ 52 ವರ್ಷ. ‘ತುಂಬಲಾರದ ನಷ್ಟ’ ಎಂಬ ಮಾತು ಎಂದಾದರೂ ಅಕ್ಷರಶಃ ಸತ್ಯವಾಗಬಹುದಾಗಿದ್ದರೆ ಅದು ಅಂದು. ಏಕೆಂದರೆ ಭಾರತದ ಬಾಹ್ಯಾಕಾಶ ಯೋಜನೆ ಆಗ ಹೆಚ್ಚಾಗಿ ಇದ್ದುದು ಆ ಒಬ್ಬ ಮನುಷ್ಯನ ಕನಸಿನಲ್ಲಿ. ತುಂಬಾದಲ್ಲಿರುವ ಬಾಹ್ಯಾಕಾಶ ಕೇಂದ್ರಕ್ಕೆ ಅವರ ಹೆಸರನ್ನಿಟ್ಟರು, ಅದು ನುಡಿನಮನ. 1972ರಲ್ಲಿ ಸತೀಶ್ ಧವನ್ ಯೋಜನೆಯ ಚುಕ್ಕಾಣಿ ಹಿಡಿದರು; ಉಪಗ್ರಹ ನಿರ್ಮಾಣದ ಹೊಣೆಯನ್ನು ರಾಯರು ಹೊತ್ತರು. ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ, ಉಪಗ್ರಹವೆಂಬುದನ್ನು ಕಣ್ಣಾರೆ ಕಂಡೂ ಅರಿಯದ ತರುಣರನ್ನು ಕಟ್ಟಿಕೊಂಡು, 360 ಕಿಲೋಗ್ರಾಂ ತೂಕದ ‘ಆರ್ಯಭಟ’ವನ್ನು ಮೂರು ವರ್ಷಗಳ ಆಸುಪಾಸಿನಲ್ಲಿ ಸಿದ್ಧಪಡಿಸಿದರು. ಅದರ ಸಂಕೇತಗಳನ್ನು ಬರಮಾಡಿಕೊಳ್ಳಲು ಬೆಂಗಳೂರಿನಲ್ಲಿ ಸ್ಥಳ ಸಾಲದೆ ಒಂದು ಶೌಚಾಲಯವನ್ನೇ ಮಾಹಿತಿ ಕೇಂದ್ರವಾಗಿ ಮಾರ್ಪಡಿಸಿಕೊಂಡರೆಂಬ ಸಂಗತಿ ಆ ಕಾಲದ ಬಡತನವನ್ನೂ ಹಟವನ್ನೂ ಒಟ್ಟಿಗೆ ಹೇಳುತ್ತದೆ. 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಆ ಉಪಗ್ರಹ ಮೇಲೇರಿದ್ದು, ಗುರು ಗತಿಸಿದ ಸುಮಾರು ಮೂರು ವರ್ಷ ನಾಲ್ಕು ತಿಂಗಳಿಗೆ. ಇದನ್ನು ನಾನು ನಡೆನಮನವೆಂದು ಕರೆಯುತ್ತೇನೆ.

ವಿದ್ಯುತ್ ಪೂರೈಕೆಯ ದೋಷದಿಂದ ಕೆಲವೇ ದಿನಗಳಲ್ಲಿ ಆರ್ಯಭಟದ ವೈಜ್ಞಾನಿಕ ಪ್ರಯೋಗಗಳು ನಿಂತುಹೋದುವು. ಆದರೂ ಅದರ ಚಿತ್ರ ಎರಡು ರೂಪಾಯಿಯ ನೋಟಿನ ಹಿಂಬದಿಯಲ್ಲಿ ಅಚ್ಚಾಗಿ ನಮ್ಮ ಸಂತೆಗೂ ಬಂದಿತು. ಮೆಣಸಿನಕಾಯಿಗೂ ಉಳ್ಳಾಗಡ್ಡಿಗೂ ಕೈಬದಲಾಗುತ್ತಿದ್ದ ಆ ನೋಟನ್ನು ನನ್ನ ಕಟ್ಟೆಯ ಅಜ್ಜನೂ ಧೋತರದ ಅಂಚಿನಲ್ಲಿ ಎಷ್ಟು ಸಲ ಕಟ್ಟಿಕೊಂಡಿದ್ದಾನೋ. ರಾಯರ ಹೆಸರನ್ನರಿಯದ ಜನ ಅವರ ಕೃತಿಯನ್ನು ಮಾತ್ರ ಬಲು ಕಾಲ ಸೊಂಟದಲ್ಲಿ ಸಿಕ್ಕಿಸಿಕೊಂಡು ತಿರುಗಿದರು.

ಜನಸ್ಮೃತಿಯ ಈ ವೈಚಿತ್ರ್ಯವನ್ನು ಕುರಿತು ಒಂದು ಮಾತು ಹೇಳಬೇಕು. 1962ರ ಏಪ್ರಿಲ್‌ನಲ್ಲಿ, ನೂರನ್ನು ದಾಟಿ ತೀರಿಕೊಂಡ ಸರ್ ಎಂ. ವಿಶ್ವೇಶ್ವರಯ್ಯನವರ ಚಿತ್ರ ಇಂದಿಗೂ ನಮ್ಮ ಶಾಲೆಗಳ ಗೋಡೆಯಲ್ಲಿದೆ. ಅವರು ಹುಟ್ಟಿದ ಸೆಪ್ಟೆಂಬರ್ 15 ಎಂಜಿನಿಯರುಗಳ ದಿನವಾಗಿದೆ. ಅಣೆಕಟ್ಟು ಕಣ್ಣಿಗೆ ಕಾಣುತ್ತದೆ. ಕಾಲುವೆಯ ನೀರು ಕಾಲನ್ನು ತೊಯಿಸುತ್ತದೆ. ಆದ್ದರಿಂದ ಕೃತಜ್ಞತೆಗೆ ದಾರಿ ಸುಗಮ. ಕಡಲಾಚೆ, 2011ರ ಅಕ್ಟೋಬರ್ 5ರಂದು ಆಪಲ್ ಸಂಸ್ಥೆಯ ಸ್ಟೀವ್ ಜಾಬ್ಸ್ ತೀರಿಕೊಂಡಾಗ ಆತನ ಅಂಗಡಿಗಳ ಮುಂದೆ ಜನ ಹೂಗುಚ್ಛಗಳನ್ನೂ, ಮೇಣದಬತ್ತಿಗಳನ್ನೂ, ಒಂದು ತುತ್ತು ಕಚ್ಚಿದ ಸೇಬುಗಳನ್ನೂ ಇಟ್ಟುಹೋದರು. ಆತ ಮಾಡಿಸಿದ ವಸ್ತು ಅವರವರ ಅಂಗೈಯಲ್ಲಿಯೇ ಇದ್ದುದರಿಂದ ಶೋಕಕ್ಕೂ ಒಂದು ಆಪ್ತತೆ ಬಂದಿತ್ತು. ಉಪಗ್ರಹಕ್ಕೆ ಇಂಥ ಭಾಗ್ಯವಿಲ್ಲ. ಅದು ನಮ್ಮ ಹೊಲವನ್ನು ನೋಡುತ್ತದೆ. ನಾವು ಅದನ್ನು ನೋಡಲಾರೆವು.

ಅದು ನೋಡಿದ್ದರಿಂದ ಆದದ್ದೇನು? ರಾಯರು 1984ರಿಂದ 1994ರವರೆಗೆ ಬಾಹ್ಯಾಕಾಶ ಸಂಸ್ಥೆಯ ಅಧ್ಯಕ್ಷರಾಗಿದ್ದರು. ಅವರ ಮಾರ್ಗದರ್ಶನದಲ್ಲಿ ರೂಪುಗೊಂಡ ಉಪಗ್ರಹಗಳ ಸಂಖ್ಯೆ 18ನ್ನು ಮೀರುತ್ತದೆ. ಇನ್ಸಾಟ್ ಸರಣಿಯಿಂದ ದೂರದರ್ಶನವೂ ದೂರವಾಣಿಯೂ ಹಳ್ಳಿಗಳನ್ನು ಮುಟ್ಟಿದುವು, ಬಂಗಾಳ ಕೊಲ್ಲಿಯ ಮೋಡಗಳ ಚಿತ್ರ ಸಂಜೆಯ ವಾರ್ತೆಯಲ್ಲಿ ಬಂದಿತು. 1988ರ ಮಾರ್ಚ್ 17ರಂದು ಕಕ್ಷೆ ಸೇರಿದ ಐಆರ್‌ಎಸ್-1ಎ ದೂರಸಂವೇದಿ ಉಪಗ್ರಹ, ನೆಲದಿಂದ ಪ್ರತಿಫಲಿಸಿ ಬರುವ ಬೆಳಕನ್ನು ಬಣ್ಣಬಣ್ಣವಾಗಿ ಬೇರ್ಪಡಿಸಿ ಅಳೆಯುತ್ತಿತ್ತು: ಹಸಿರಾದ ಪೈರು ಒಂದು ಬಗೆಯಾಗಿ, ಬಾಡಿದ ಪೈರು ಇನ್ನೊಂದು ಬಗೆಯಾಗಿ, ಬರಡು ನೆಲ, ಕೆರೆಯ ನೀರು, ಬಂಡೆಯ ಬಿರುಕು ಒಂದೊಂದೂ ತನ್ನದೇ ಬಗೆಯಾಗಿ ಬೆಳಕನ್ನು ಹಿಂದಿರುಗಿಸುತ್ತವಾದ್ದರಿಂದ, ಬರದ ವ್ಯಾಪ್ತಿಯನ್ನೂ ಅಂತರ್ಜಲ ದೊರೆಯಬಹುದಾದ ನೆಲೆಗಳನ್ನೂ ನಕ್ಷೆಯಲ್ಲಿ ಗುರುತಿಸುವುದು ಸಾಧ್ಯವಾಯಿತು. ಅಂಗೈಯಲ್ಲಿ ತೆಂಗಿನಕಾಯಿ ನಿಲ್ಲಿಸಿಕೊಂಡು ನೀರು ನೋಡುವವನನ್ನು ಇಂದಿಗೂ ಕರೆಸುವ, ಒಂದರ ಮೇಲೊಂದು ಬೋರು ಕೊರೆಸಿ ಸಾಲದಲ್ಲಿ ಮುಳುಗುವ ನಮ್ಮ ಹಡಗಲಿ, ಕೂಡ್ಲಿಗಿ, ಹರಪನಹಳ್ಳಿಗಳ ಒಣಬೇಸಾಯದವನಿಗೆ ಇಂಥ ನಕ್ಷೆಯ ಬೆಲೆ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದು ಅವನ ಕೈಗೆ ತಲಪುವಂತೆ ಮಾಡುವುದು ಮಾತ್ರ ಬದುಕಿರುವವರ ಹೊಣೆ.

ಸೋಲುಗಳೂ ಇದ್ದುವು. ಎಎಸ್‌ಎಲ್‌ವಿ ರಾಕೆಟ್ಟು 1987ರಲ್ಲಿ ಸೋತಿತು, 1988ರಲ್ಲಿ ಮತ್ತೆ ಸೋತಿತು, 1992ರಲ್ಲಿ ಗೆದ್ದಿತು. ಪಿಎಸ್‌ಎಲ್‌ವಿಯ ಮೊದಲ ಹಾರಾಟ 1993ರ ಸೆಪ್ಟೆಂಬರಿನಲ್ಲಿ ಸಮುದ್ರದ ಪಾಲಾಯಿತು. ಅದು ಗೆದ್ದದ್ದು 1994ರ ಅಕ್ಟೋಬರ್ 15ರಂದು. ಅಷ್ಟು ಹೊತ್ತಿಗೆ ರಾಯರು ಅಧ್ಯಕ್ಷ ಪದವಿಯನ್ನು ಕಸ್ತೂರಿರಂಗನ್ ಅವರಿಗೆ ಒಪ್ಪಿಸಿ ಇಳಿದಿದ್ದರು. ತಾನು ಬಿತ್ತಿದ್ದನ್ನು ಇನ್ನೊಬ್ಬ ಕೊಯ್ಯುವುದನ್ನು ಬದುವಿನ ಮೇಲೆ ನಿಂತು ಸಂತೋಷದಿಂದ ನೋಡಬಲ್ಲವನೇ ನಿಜವಾದ ಒಕ್ಕಲಿಗ. ರಾಯರು ನೋಡಿದರು, ಅದೇ ಪಿಎಸ್‌ಎಲ್‌ವಿ ಒಂದೇ ಹಾರಾಟದಲ್ಲಿ 104 ಉಪಗ್ರಹಗಳನ್ನು ಹೊತ್ತೊಯ್ದದ್ದನ್ನು, ಅವರು ತೀರಿಕೊಳ್ಳುವುದಕ್ಕೆ ಐದು ತಿಂಗಳ ಹಿಂದೆ, ನೋಡಿದರು.

ಹೀಗಾಗಿ ನನಗೆ ‘ತುಂಬಲಾರದ ನಷ್ಟ’ವೆಂಬ ಮಾತು ಇಂಥವರ ವಿಷಯದಲ್ಲಿ ಹೊಗಳಿಕೆಯಾಗಿ ತೋರದೆ ಆಕ್ಷೇಪಣೆಯಾಗಿ ತೋರುತ್ತದೆ. ಕವಿಯೊಬ್ಬ ಹೋದರೆ ಅವನ ಸ್ಥಾನ ಬರಿದಾಗಿಯೇ ಉಳಿಯುತ್ತದೆ. ಅವನಂತೆ ಇನ್ನೊಬ್ಬ ಬರೆಯಬಾರದು ಕೂಡ. ಸಂಸ್ಥೆಯನ್ನು ಕಟ್ಟಿದವನು ಹೋದಾಗಲೂ ಅವನ ಸ್ಥಾನ ಬರಿದಾಗಿಯೇ ಉಳಿದರೆ, ಅವನು ಕಟ್ಟಿದ್ದು ಸಂಸ್ಥೆಯಲ್ಲವೆಂದೇ ಅರ್ಥ. ತನ್ನ ಅಭಾವವನ್ನು ತುಂಬಬಲ್ಲ ನೂರು ಕೈಗಳನ್ನು ಪಳಗಿಸಿ ಹೋಗುವುದೇ ಅಂಥವನ ಹಿರಿಮೆ. ಮನೆಯವರಿಗೆ, ಮಿತ್ರರಿಗೆ ನಷ್ಟವು ತುಂಬದಿರಲಿ. ನಾಡಿಗೆ ಅದು ತುಂಬಲೇಬೇಕು.

ರಾಯರು ತೀರಿದ ಮರುವರ್ಷ, 2018ರ ಏಪ್ರಿಲ್‌ನಲ್ಲಿ, ಬೆಂಗಳೂರಿನ ಉಪಗ್ರಹ ಕೇಂದ್ರಕ್ಕೆ ಅವರ ಹೆಸರಾಯಿತು. ಶ್ರೀಹರಿಕೋಟೆಯ ಉಡಾವಣಾ ಕೇಂದ್ರ 2002ರಲ್ಲಿಯೇ, ಧವನರು ಗತಿಸಿದ ವರ್ಷ, ಅವರ ಹೆಸರನ್ನು ಪಡೆದಿತ್ತು. 2023ರ ಸೆಪ್ಟೆಂಬರ್ 2ರಂದು ಮೇಲೇರಿದ ‘ಆದಿತ್ಯ ಎಲ್-1’ ನೌಕೆಯನ್ನು ಈ ಹಿನ್ನೆಲೆಯಲ್ಲಿ ನೆನೆಯಬೇಕು. ಸಾರಾಭಾಯಿ ಕೇಂದ್ರದವರು ರೂಪಿಸಿದ ರಾಕೆಟ್ಟು, ರಾವ್ ಕೇಂದ್ರದವರು ಕಟ್ಟಿದ ನೌಕೆಯನ್ನು ಹೊತ್ತು, ಧವನ್ ಕೇಂದ್ರದ ನೆಲದಿಂದ ಎದ್ದಿತು. ಗತಿಸಿದ ಮೂವರ ಹೆಸರುಗಳು ಒಂದೇ ಬೆಳಗಿನಲ್ಲಿ ಒಂದೇ ಕೆಲಸಕ್ಕೆ ಕೂಡಿದುವು. ಅದು ಹೊರಟದ್ದು ಸೂರ್ಯನ ಕಡೆಗೆ, ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ಆಚೆಯ ಒಂದು ಸಮತೋಲನದ ನೆಲೆಗೆ. 2024ರ ಜನವರಿ 6ರಂದು ಅಲ್ಲಿಗೆ ಸೇರಿತು. ಅದರ ಕೆಲಸಗಳಲ್ಲೊಂದು ಸೌರಮಾರುತದ ಅಧ್ಯಯನ, ತರುಣ ರಾಯರು ಕೈಹಿಡಿದ ವಿಷಯವೇ. ಆ ದಿನ ಯಾರೂ ಎರಡು ನಿಮಿಷ ಮೌನವಾಗಿ ನಿಲ್ಲಲಿಲ್ಲ. ನಿಲ್ಲಬೇಕಾಗಿಯೂ ಇರಲಿಲ್ಲ.

ಬಸ್ ನಿಲ್ದಾಣದ ಫ್ಲೆಕ್ಸುಗಳನ್ನು ನಾನು ಹಳಿಯುವವನಲ್ಲ. ದುಃಖಕ್ಕೂ ಒಂದು ಭಾಷೆ ಬೇಕು. ಊರಿಗೆ ಸಿಕ್ಕ ಭಾಷೆ ಅದು. ಅಲ್ಲದೆ ಹದಿನೈದು ದಿನ ಕಳೆದ ಮೇಲೆ ಅವು ಕಂಬದಿಂದಿಳಿದು, ಮುಂಗಾರಿನ ಮೋಡ ಕಟ್ಟಿದ ಹೊತ್ತಿಗೆ ಯಾರದೋ ಹಿತ್ತಲಿನ ಬಣವೆಯ ಮೇಲೆ ಹಾಸಿಕೊಂಡಿರುವುದನ್ನು ಕಂಡಿದ್ದೇನೆ: ಮೇಲ್ಮುಖವಾಗಿ ಹಿರಿಯರ ಭಾವಚಿತ್ರ, ಅದರಡಿಯಲ್ಲಿ ಎತ್ತುಗಳ ಆರು ತಿಂಗಳ ಮೇವು. ಮಳೆ ಬರುವ ಸಂಗತಿಯನ್ನು ಮುಂದಾಗಿ ತಿಳಿದು ಯಾರೋ ಹೊದಿಸಿದ್ದಾರೆ. ಹುಲ್ಲು ನೆನೆಯದೆ ಉಳಿದಿದೆ.