ನಿಮಗಿದು ಗೊತ್ತೇ? ಹಡಗು ಹತ್ತುವ ಮುನ್ನ, ಹಡಗು ಇಳಿದ ಮೇಲೆ

ಪಣಂಬೂರಿನ ಬಂದರಿಗೆ ಪ್ರವಾಸಿ ಹಡಗು ಬಂದ ದಿನ ಪ್ರಯಾಣಿಕರ ಕೈಗೆ ಸಿಗುವುದು ಬೆಳಗಿನಿಂದ ಸಂಜೆಯವರೆಗಿನ ಕೆಲವೇ ತಾಸು. ಅಷ್ಟರಲ್ಲೇ ಗೊಮ್ಮಟ, ಬಸದಿ, ಪೇಟೆ ಎಲ್ಲವನ್ನೂ ಮುಗಿಸಿ ಓಡಬೇಕು. ಒಂದು ದಿನ ಮೊದಲೇ ಬಂದರೆ, ಇಲ್ಲವೇ ಯಾನ ಮುಗಿದ ಮೇಲೆ ಒಂದು ದಿನ ಉಳಿದರೆ ಉಡುಪಿ, ಮಣಿಪಾಲ, ಕಾಪು, ಕಾರ್ಕಳ ನಿಧಾನವಾಗಿ ಬಿಚ್ಚಿಕೊಳ್ಳುತ್ತವೆ. ಕಡಲಿನ ಕಡೆಯಿಂದಲೇ ಶುರುವಾಗುವ ಕಥೆಗಳು ಈ ಊರುಗಳಲ್ಲಿ ಬಹಳ ಇವೆ. ನೀವು ಹಡಗು ಹತ್ತುವವರಿರಲಿ, ಹಡಗಿನಲ್ಲಿ ಬರುವ ನೆಂಟರನ್ನು ಸುತ್ತಾಡಿಸುವವರಿರಲಿ, ಇದನ್ನು ಓದಿ ಹೊರಡಿ.

ಬಂದರಿನ ಲೆಕ್ಕಾಚಾರ

● ನವ ಮಂಗಳೂರು ಬಂದರು ಪ್ರಕೃತಿ ಕೊಟ್ಟದ್ದಲ್ಲ. ಪಣಂಬೂರಿನಲ್ಲಿ ನೆಲ ಅಗೆದು, ಕಡಲನ್ನು ಒಳಕ್ಕೆ ಕರೆದುಕೊಂಡು ಕಟ್ಟಿದ ಕೃತಕ ಬಂದರು ಅದು. 1974ರಲ್ಲಿ ದೇಶದ ಒಂಬತ್ತನೇ ಪ್ರಮುಖ ಬಂದರೆಂದು ಘೋಷಣೆಯಾಯಿತು. 1975ರ ಜನವರಿ 11ರಂದು ಇಂದಿರಾ ಗಾಂಧಿ ಉದ್ಘಾಟಿಸಿದರು.

● ಪ್ರವಾಸಿ ಹಡಗುಗಳು ಈ ಕರಾವಳಿಗೆ ಬರುವುದು ಹೆಚ್ಚುಕಡಿಮೆ ನವೆಂಬರಿನಿಂದ ಮೇ ತಿಂಗಳವರೆಗೆ. ಯಕ್ಷಗಾನ ಮೇಳಗಳ ತಿರುಗಾಟವೂ ಅದೇ ಅವಧಿಯಲ್ಲಿ. ಮೇ ಕೊನೆಯ ಭಾಗದಲ್ಲಿ ಬರುವ ಪತ್ತನಾಜೆಯಂದು ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ ನೇಮಗಳಿಗೂ ಬಿಡುವು ಸಿಗುತ್ತದೆ. ಹಾಗಾಗಿ ಹಡಗು ಹತ್ತುವ ಹಿಂದಿನ ರಾತ್ರಿ ಇಲ್ಲಿ ತಂಗಿದರೆ ಎಲ್ಲಾದರೂ ಒಂದು ಬಯಲಾಟ ಸಿಕ್ಕೇ ಸಿಗುತ್ತದೆ. ಯಾರ ಮನೆಯ ಹರಕೆಯ ಆಟವಾದರೂ ಸರಿ, ಹೋಗಿ ಕುಳಿತವರೆಲ್ಲ ಪ್ರೇಕ್ಷಕರೇ.

● ಇ-ವೀಸಾ ಹಿಡಿದು ಕಡಲ ಮಾರ್ಗದಲ್ಲಿ ಭಾರತಕ್ಕೆ ಬರುವವರಿಗೆ ಅವಕಾಶ ಕೊಟ್ಟ ಮೊದಲ ಬಂದರುಗಳ ಪಟ್ಟಿಯಲ್ಲಿ ಮುಂಬೈ, ಮುರ್ಮಗೋವಾ, ಕೊಚ್ಚಿ, ಚೆನ್ನೈಗಳ ಜೊತೆ ನವ ಮಂಗಳೂರೂ ಇದೆ. ಹೊರದೇಶದ ಪಾಸ್‌ಪೋರ್ಟ್ ಇರುವ ಮಗ, ಸೊಸೆ, ಮೊಮ್ಮಕ್ಕಳು ಹಡಗಿನಲ್ಲಿ ಬರುವುದಾದರೆ ಈ ಮಾತು ಮೊದಲೇ ತಿಳಿಸಿಡಿ.

● ಪಣಂಬೂರಿನಿಂದ ಉಡುಪಿ ಸುಮಾರು 50 ಕಿ.ಮೀ., ಕಾರ್ಕಳವೂ ಸುಮಾರು ಅಷ್ಟೇ. ಉಡುಪಿಗೂ ಕಾರ್ಕಳಕ್ಕೂ ನಡುವೆ ಇನ್ನೊಂದು 38 ಕಿ.ಮೀ. ಎರಡನ್ನೂ ಸುತ್ತಿ ಬಂದರಿಗೆ ಮರಳಿದರೆ 140 ಕಿ.ಮೀ. ಹತ್ತಿರ, ರಸ್ತೆಯಲ್ಲೇ ನಾಲ್ಕು ತಾಸು ಹೋಗುತ್ತದೆ. ಒಂದೇ ದಿನ ಸಿಕ್ಕವರು ಒಂದೇ ದಿಕ್ಕು ಹಿಡಿಯಿರಿ: ಮೂಡುಬಿದಿರೆ–ಕಾರ್ಕಳ, ಇಲ್ಲವೇ ಕಾಪು–ಉಡುಪಿ.

● ಹಡಗಿನ ಗಡಿಯಾರ ಮತ್ತು ಊರಿನ ಗಡಿಯಾರ ಒಂದೇ ಸಮಯ ತೋರಿಸಬೇಕೆಂದಿಲ್ಲ. ನಮ್ಮ ದೇಶದ ಸಮಯ ಗ್ರೀನಿಚ್‌ಗಿಂತ ಐದೂವರೆ ತಾಸು ಮುಂದೆ. ಆ ಅರ್ಧ ತಾಸೇ ಎಷ್ಟೋ ಜನರನ್ನು ಗಡಿಬಿಡಿಗೆ ತಳ್ಳುತ್ತದೆ. ಹಡಗು ಇಳಿಯುವಾಗ ಒಂದು ಕೈಗಡಿಯಾರ ಹಡಗಿನ ಸಮಯದಲ್ಲೇ ಇರಲಿ.

● ನಿಮ್ಮ ಹಡಗು ಹೊರಡುವುದು ಮುಂಬೈಯಿಂದಲೇ? ಮಧ್ಯಾಹ್ನ ಊಟ ಮುಗಿಸಿ ಉಡುಪಿಯ ಇಂದ್ರಾಳಿ ನಿಲ್ದಾಣದಲ್ಲಿ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಾಗುವಾಗ ಮುಂಬೈ. ಈ ದಾರಿಯ ಕೊಂಕಣ ರೈಲು ಪೂರ್ತಿಯಾಗಿ ಶುರುವಾದದ್ದು 1998ರ ಜನವರಿ 26ರಂದು. ಹಡಗು ಹತ್ತುವ ದಿನವೇ ಮುಂಬೈ ತಲುಪುವ ಸಾಹಸ ಬೇಡ. ಒಂದು ದಿನ ಕೈಯಲ್ಲಿರಲಿ. ಆ ದಿನ ಮಾಟುಂಗದಲ್ಲಿ 1942ರಿಂದ ನಡೆದು ಬಂದಿರುವ ರಾಮನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ ಬಾಳೆಯೆಲೆ ಊಟ ಮಾಡಬಹುದು.

ಮಲ್ಪೆ, ಉಡುಪಿ

● ಉಡುಪಿಯ ಕೃಷ್ಣ ಬಂದದ್ದೂ ಹಡಗಿನಲ್ಲೇ! ದ್ವಾರಕೆಯ ಕಡೆಯಿಂದ ಬಂದ ಹಡಗು ಮಲ್ಪೆಯೆದುರು ಬಿರುಗಾಳಿಗೆ ಸಿಕ್ಕಿತು, ದಡದಲ್ಲಿದ್ದ ಮಧ್ವಾಚಾರ್ಯರು ಉತ್ತರೀಯ ಬೀಸಿ ಅದನ್ನು ಪಾರುಮಾಡಿದರು ಎಂಬುದು ಐತಿಹ್ಯ. ಏನು ಬೇಕಾದರೂ ಕೇಳಿ ಎಂದ ನಾವಿಕನಿಂದ ಅವರು ಪಡೆದದ್ದು ಹಡಗಿನ ಭಾರಕ್ಕೆಂದು ಇಟ್ಟಿದ್ದ ಗೋಪೀಚಂದನದ ಗಡ್ಡೆ. ಅದರೊಳಗಿದ್ದ ಕೃಷ್ಣ ಉಡುಪಿಗೆ ಬಂದ. ಮಲ್ಪೆಯ ವಡಭಾಂಡೇಶ್ವರದಲ್ಲಿ ಬಲರಾಮನ ಗುಡಿಯಿದೆ. ಕಡಲಲ್ಲಿ ಹೋಗುವವರು ಮೊದಲು ಅಲ್ಲಿಗೆ ಹೋಗಿ, ಆಮೇಲೆ ಮಠಕ್ಕೆ ಬಂದರೆ ಕಥೆ ನಡೆದ ದಾರಿಯಲ್ಲೇ ನಡೆದಂತಾಗುತ್ತದೆ.

● ಕೃಷ್ಣ ಪಡುವಣಕ್ಕೆ, ಅಂದರೆ ಕಡಲಿನ ಕಡೆಗೆ ಮುಖಮಾಡಿ ನಿಂತಿದ್ದಾನೆ. ಭಕ್ತರು ನೋಡುವುದು ಒಂಬತ್ತು ಕಂಡಿಗಳ ನವಗ್ರಹ ಕಿಂಡಿಯ ಮೂಲಕ. ಹೊರಗೆ ಕನಕನ ಕಿಂಡಿ. ರಥಬೀದಿಯ ಹಳೆಯ ಕ್ರಮ ಹೀಗೆ: ಮೊದಲು ಚಂದ್ರಮೌಳೀಶ್ವರ, ಆಮೇಲೆ ಅನಂತೇಶ್ವರ, ಕೊನೆಗೆ ಕೃಷ್ಣ. ಮಠದೊಳಗೆ ಗಂಡಸರು ಅಂಗಿ, ಬನಿಯನ್ ಕಳಚಬೇಕು. ವಿದೇಶದಿಂದ ಬಂದ ಮಕ್ಕಳಿಗೆ ಇದನ್ನು ಮೊದಲೇ ಹೇಳಿದರೆ ಬಾಗಿಲಲ್ಲಿ ಮುಜುಗರವಿಲ್ಲ.

● ಅಷ್ಟಮಠಗಳಲ್ಲಿ ಪೂಜೆಯ ಸರದಿ ಬದಲಾಗುವುದು ಎರಡು ವರ್ಷಕ್ಕೊಮ್ಮೆ. ಮೊದಲು ಈ ಸರದಿ ಎರಡು ತಿಂಗಳದ್ದು, ಅದನ್ನು ಎರಡು ವರ್ಷಕ್ಕೆ ಏರಿಸಿದವರು ಯತಿ ವಾದಿರಾಜರು. ಸರದಿ ಕೈಬದಲಾಗುವ ಈ ಪರ್ಯಾಯ ನಡೆಯುವುದು ಸಮಸಂಖ್ಯೆಯ ವರ್ಷಗಳ ಜನವರಿ 18ರಂದು. ಆ ವಾರ ಹಡಗಿನ ಪ್ರಯಾಣವಿದ್ದರೆ ಕೋಣೆಯನ್ನು ತಿಂಗಳುಗಳ ಮೊದಲೇ ಕಾದಿರಿಸಿ, ಉಡುಪಿಯ ಕಲ್ಸಂಕದಲ್ಲಿ ಕಾರು ಸಾಲುಗಟ್ಟಿ ನಿಲ್ಲುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಿರಿ.

● ಮಲ್ಪೆಯೆದುರಿನ ಸೇಂಟ್ ಮೇರೀಸ್ ದ್ವೀಪದ ಕಲ್ಲಿಗೆ ಸುಮಾರು 8.8 ಕೋಟಿ ವರ್ಷ. ಭಾರತ ಮತ್ತು ಮಡಗಾಸ್ಕರ್ ಒಂದಕ್ಕೊಂದು ಅಂಟಿಕೊಂಡಿದ್ದವು. ಅವು ಬೇರೆಯಾಗುವ ಕಾಲದಲ್ಲಿ ಉಕ್ಕಿದ ಲಾವಾ ಆರುತ್ತಾ ಕುಗ್ಗಿತು, ಕುಗ್ಗುವಾಗ ಕೋನ ಕೋನವಾಗಿ ಸೀಳಿತು. ಹತ್ತಿರ ಕುಳಿತು ನೋಡಿ: ಐದು, ಆರು, ಏಳು ಮೂಲೆಗಳ ಕಂಬಗಳು, ಒಂದಕ್ಕೊಂದು ಒತ್ತಿ ನಿಲ್ಲಿಸಿದ ಪೆನ್ಸಿಲ್ ಕಟ್ಟಿನಂತೆ. ತುದಿ ಮುರಿದಲ್ಲಿ ಹಾಸುಗಲ್ಲು ಜೋಡಿಸಿದ ಅಂಗಳ. ಸಂದುಗಳಲ್ಲಿ ತೆರೆ ತಂದು ತುರುಕಿದ ಚಿಪ್ಪು. ಕೈಯಲ್ಲಿ ಹಿಡಿದು ನೋಡಿ, ಮತ್ತೆ ಅಲ್ಲೇ ಇಡಿ. ಮುಂದೆ ಬರುವ ಮಗುವಿಗೂ ಅದು ಸಿಗಬೇಕು.

● ದ್ವೀಪಕ್ಕೆ ಊರವರು ಹಿಂದೆ ಹೇಳುತ್ತಿದ್ದ ಹೆಸರು ತೋನ್ಸೆಪಾರ್. ಸೇಂಟ್ ಮೇರಿ ಎಂಬ ಹೆಸರು ವಾಸ್ಕೋ ಡ ಗಾಮನಿಂದ, 1498ರಲ್ಲಿ ಬಂತು ಎಂಬ ಪ್ರತೀತಿಯಿದೆ. ಮಳೆಗಾಲದಲ್ಲಿ ದೋಣಿ ಇಲ್ಲ. ಉಳಿದ ದಿನಗಳಲ್ಲೂ ಗಾಳಿ ಜೋರಾದರೆ ದೋಣಿ ಹೊರಡುವುದಿಲ್ಲ. ಆದ್ದರಿಂದ ಹಡಗು ಬಿಡುವ ದಿನ ಇದನ್ನು ಇಟ್ಟುಕೊಳ್ಳಬೇಡಿ.

● 1906ರಲ್ಲಿ ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕ್ ಹುಟ್ಟುಹಾಕಿದವರು ಹಾಜಿ ಅಬ್ದುಲ್ಲಾ ಸಾಹೇಬರು. ಅವರ ಮನೆಯೇ ಮುಂದೆ ನಾಣ್ಯಗಳ ಸಂಗ್ರಹಾಲಯವಾಯಿತು. ಕಡಲ ವ್ಯಾಪಾರದ ಊರಿನ ಚರಿತ್ರೆಯನ್ನು ಕಾಸಿನಲ್ಲೇ ಓದಬಹುದು.

ಕಾಪು

● ಕಾಪುವಿನ ದೀಪಸ್ತಂಭ ಎದ್ದದ್ದು 1901ರಲ್ಲಿ, ತೆರೆ ಬಡಿಯುವ ಬಂಡೆಯ ತಲೆಯ ಮೇಲೆ. ಜನರನ್ನು ಮೇಲಕ್ಕೆ ಬಿಡುವುದು ಸಂಜೆಯ ಹೊತ್ತು. ಹಾಗಾಗಿ ದಿನದ ಯೋಜನೆಯನ್ನು ತಲೆಕೆಳಗು ಮಾಡಬೇಡಿ: ಬೆಳಿಗ್ಗೆ ಉಡುಪಿ, ಇಳಿಹೊತ್ತಿಗೆ ಕಾಪು.

● ಒಂದೇ ಊರಿನಲ್ಲಿ ಮೂರು ಮಾರಿಗುಡಿ! ಹಳೆ ಮಾರಿಗುಡಿ, ಹೊಸ ಮಾರಿಗುಡಿ, ಮೂರನೇ ಮಾರಿಗುಡಿ. ಮಾರಿಪೂಜೆಯೂ ವರ್ಷಕ್ಕೆ ಮೂರು: ಸುಗ್ಗಿ, ಆಟಿ, ಜಾರ್ದೆ. ಹೊಸ ಮಾರಿಗುಡಿಯನ್ನು ಈಚೆಗೆ ಇಳಕಲ್ಲಿನ ಕೆಂಪು ಶಿಲೆಯಲ್ಲಿ ಮತ್ತೆ ಕಟ್ಟಿದ್ದಾರೆ.

● ಕಾಪು ತಾಲೂಕಿನ ಶಂಕರಪುರದ ಮಲ್ಲಿಗೆ ಮಾರಾಟವಾಗುವುದು ಮೊಳದ ಲೆಕ್ಕದಲ್ಲಲ್ಲ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬೆಳ್ಳಂಬೆಳಿಗ್ಗೆ ಮೊಗ್ಗು ಕೊಯ್ದು ಮನೆಮಂದಿಯೆಲ್ಲ ಜಗಲಿಯಲ್ಲಿ ಕೂರುತ್ತಾರೆ. ಒದ್ದೆ ಬಾಳೆನಾರಿಗೆ ಅಜ್ಜಿಯ ಬೆರಳು ಕಣ್ಣು ಹಾಯಿಸದೆಯೇ ಮೊಗ್ಗು ಕಟ್ಟುತ್ತಾ ಹೋಗುತ್ತದೆ. ದರ ದಿನವೂ ಬೇರೆ. ಮದುವೆಯ ಮುಹೂರ್ತಗಳಿದ್ದರೆ ಏರುತ್ತದೆ, ಮಳೆ ಬಂದರೂ ಏರುತ್ತದೆ. ಹಡಗು ಹತ್ತುವ ಬೆಳಿಗ್ಗೆ ಒಂದು ಚೆಂಡು ತೆಗೆದುಕೊಂಡು ಹೋಗಿ, ಕೋಣೆಯ ತುಂಬ ನಮ್ಮೂರ ಪರಿಮಳ.

● ಕಟಪಾಡಿ ಪಕ್ಕದ ಮಟ್ಟುವಿನ ಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕಿತು. ತಿಳಿಹಸಿರು ಬಣ್ಣದ, ದುಂಡನೆಯ, ಕಹಿಯಿಲ್ಲದ ಬದನೆ. ಬೀಜ ಕೊಟ್ಟವರು ವಾದಿರಾಜರು ಎಂಬುದು ಮಟ್ಟುವಿನವರ ನಂಬಿಕೆ. ಉಡುಪಿಯಲ್ಲಿ ಊಟಕ್ಕೆ ಕುಳಿತಾಗ ಗುಳ್ಳದ ಸಾಂಬಾರು ಇದೆಯೇ ಎಂದು ಕೇಳಿ.

● ದೇಶದಲ್ಲಿ ನೀಲಿ ಬಾವುಟದ ಮಾನ್ಯತೆ ಪಡೆದ ಮೊದಲ ಎಂಟು ಕಡಲತೀರಗಳಲ್ಲಿ ಕಾಪು ತಾಲೂಕಿನ ಪಡುಬಿದ್ರಿಯೂ ಒಂದು. ವರ್ಷ 2020. ಪಣಂಬೂರಿಗೆ ಮರಳುವ ಹೆದ್ದಾರಿಯಿಂದ ದೂರವಿಲ್ಲ. ಅರ್ಧ ತಾಸು ಉಳಿದವರಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಡ.

ಕಾರ್ಕಳ

● ಕಾರ್ಕಳದ ಗೊಮ್ಮಟ ಸುಮಾರು 42 ಅಡಿ, ಒಂದೇ ಕಲ್ಲು. ವೀರಪಾಂಡ್ಯ ಭೈರರಸ ಪ್ರತಿಷ್ಠೆ ಮಾಡಿಸಿದ್ದು 1432ರ ಫೆಬ್ರವರಿ 13ರಂದು. ಶ್ರವಣಬೆಳಗೊಳದ ಮೂರ್ತಿಯ ಕಲ್ಲು ಆ ಬೆಟ್ಟದ್ದೇ. ಇಲ್ಲಿ ಮೂರ್ತಿಯನ್ನು ಬೇರೆಡೆ ಕೆತ್ತಿ ಬಂಡೆಯ ನೆತ್ತಿಗೆ ಏರಿಸಿದರು ಎನ್ನುತ್ತಾರೆ. ಬರಿಗಾಲಲ್ಲಿ ನಿಲ್ಲಬೇಕಾದ ಜಾಗ, ಮಧ್ಯಾಹ್ನ ಕಲ್ಲು ಕಾವಲಿಯಾಗುತ್ತದೆ. ಬೆಳಿಗ್ಗೆ ಹತ್ತುವುದೇ ಲೇಸು.

● ಎದುರಿನ ಗುಡ್ಡದ ಚತುರ್ಮುಖ ಬಸದಿ 1586ರದ್ದು, ಕಟ್ಟಿಸಿದವನು ಇಮ್ಮಡಿ ಭೈರರಸ. 108 ಕಂಬ, ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು. ಯಾವ ಬಾಗಿಲಲ್ಲಿ ನಿಂತರೂ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರ ಒಂದೇ ಬಗೆಯ ದರ್ಶನ. ಹಿಂದುಗಡೆ ಎಂಬುದೇ ಇಲ್ಲದ ಗುಡಿ.

● ಧರ್ಮಸ್ಥಳದ 39 ಅಡಿಯ ಬಾಹುಬಲಿ ಮೂಡಿದ್ದು ಕಾರ್ಕಳದಲ್ಲಿ! ಇಲ್ಲಿನ ಮಂಗಳಪಾದೆಯ ಕಲ್ಲಿನಲ್ಲಿ ಶಿಲ್ಪಿ ರೆಂಜಾಳ ಗೋಪಾಲಕೃಷ್ಣ ಶೆಣೈ ಕೆತ್ತಿದರು. 1973ರಲ್ಲಿ ಮೂರ್ತಿ ಭಾರೀ ಟ್ರಾಲಿಯೇರಿ ರಸ್ತೆಯಲ್ಲೇ ಧರ್ಮಸ್ಥಳಕ್ಕೆ ಹೊರಟಿತು.

● ಹಡಗಿನಿಂದ ಇಳಿದ ಮೇಲೂ ನೀರಿನ ಪಯಣ ಬೇಕೆನಿಸಿದರೆ ಕಾರ್ಕಳದಿಂದ ಹೆಬ್ರಿಯ ಕಡೆಗಿರುವ ವರಂಗಕ್ಕೆ ಹೋಗಿ. ಅಲ್ಲಿನ ಬಸದಿ ಕೆರೆಯ ನಡುವೆ ನಿಂತಿದೆ, ದೇವರನ್ನು ನೋಡಲು ದೋಣಿಯೇ ದಾರಿ.

ಮಣಿಪಾಲ

● ಮಣ್ಣು, ಪಳ್ಳ ಸೇರಿ ಮಣಿಪಾಲ. ತುಳುವಿನಲ್ಲಿ ಪಳ್ಳ ಎಂದರೆ ಕೆರೆ. ಹೆಸರು ಕೊಟ್ಟ ಮಣ್ಣಪಳ್ಳ ಈಗಲೂ ಇದೆ. ಬೋಳುಗುಡ್ಡದ ಮೇಲೆ ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜು ತೆರೆದರು. ಅದರ ಅಂಗರಚನಾ ಸಂಗ್ರಹಾಲಯದಲ್ಲಿ ಆನೆಯ ಅಸ್ಥಿಪಂಜರವೂ ಇದೆ.

● ಕಾಪು ತಾಲೂಕಿನ ಕುಂಜೂರಿನ ಚೌಕಿ ಮನೆ, ಕಾರ್ಕಳದ ಮಿಯಾರಿನ ಮನೆ, ಕುಕನೂರಿನ ಕಮಲ ಮಹಲ್ ಮೂರೂ ಒಂದೇ ಅಂಗಳದಲ್ಲಿ ಸಿಗುವುದು ಮಣಿಪಾಲದ ಹಸ್ತಶಿಲ್ಪ ಪರಂಪರೆಯ ಹಳ್ಳಿಯಲ್ಲಿ. ಬ್ಯಾಂಕ್ ಉದ್ಯೋಗಿಯಾಗಿದ್ದ ವಿಜಯನಾಥ ಶೆಣೈಯವರು ಕೆಡವಲು ಹೊರಟ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಒಬ್ಬ ಮನುಷ್ಯನ ಹಟ ಎಷ್ಟು ಮನೆ ಉಳಿಸಬಲ್ಲದು ಎಂದು ಇಲ್ಲಿ ನೋಡಬೇಕು. ಆತುರದಲ್ಲಿ ನೋಡುವ ಜಾಗವಲ್ಲ, ಯಾನ ಮುಗಿದ ಮೇಲಿನ ದಿನಕ್ಕೆ ಇಟ್ಟುಕೊಳ್ಳಿ.

ಹಡಗು ಬಿಟ್ಟ ಮೇಲೆ

● ಪಣಂಬೂರಿನಿಂದ ಗೋವಾ, ಮುಂಬೈ ಕಡೆಗೆ ಹೊರಟ ಹಡಗಿಗೆ ನಮ್ಮ ಕರಾವಳಿ ಬಲಗಡೆ. ಕತ್ತಲಾದ ಮೇಲೆ ಆ ಬದಿಯ ಡೆಕ್ಕಿಗೆ ಬಂದು ನಿಲ್ಲಿ. ದಡದ ದೀಪಗಳ ನಡುವೆ ಒಂದು ಬೆಳಕು ಲೆಕ್ಕವಿಟ್ಟಂತೆ ಮಿನುಗಿದರೆ, ಹಿಂದಿನ ಸಂಜೆ ನೀವು ಮೆಟ್ಟಿಲು ಹತ್ತಿ ಕಡಲು ನೋಡಿದ್ದ ಕಾಪುವಿನ ದೀಪಸ್ತಂಭ ಅದೇ ಇರಬಹುದು. ಒಂದು ದಿನ ಮೊದಲೇ ಬಂದವರಿಗೆ ಮಾತ್ರ ಅದರ ಗುರುತು ಹತ್ತುತ್ತದೆ.