ಬಿಳಿ ಗೆರೆ ಕೊಳೆಯಲ್ಲ, ಒಣಗಿದ ಚರ್ಮ

ದೀಪಾವಳಿಯ ನೀರು ತುಂಬುವ ಹಬ್ಬ ಮುಗಿದು ಚಳಿಗಾಳಿ ಬೀಸತೊಡಗಿತೆಂದರೆ ಹೊಸಪೇಟೆ, ಕಂಪ್ಲಿ, ಸಂಡೂರು ಭಾಗದ ಶಾಲೆಗಳಲ್ಲಿ ಒಂದು ನೋಟ ಸಾಮಾನ್ಯ. ಬೆಳಗ್ಗೆ ಜಳಕ ಮಾಡಿ, ಒಗೆದ ಸಮವಸ್ತ್ರ ತೊಟ್ಟು ಬಂದ ಮಕ್ಕಳ ಮೊಣಕಾಲಿನ ಕೆಳಗೆ, ಮೊಣಕೈಯ ಮೇಲೆ ತೆಳುವಾಗಿ ಸುಣ್ಣ ಬಳಿದಂತಹ ಬಿಳುಪು. ಉಗುರಿನಿಂದ ಗೀಚಿದರೆ ಸ್ಲೇಟಿನ ಮೇಲೆ ಬಳಪ ಎಳೆದಂತೆ ಗೆರೆ. ಪ್ರಾರ್ಥನೆಯ ಸಾಲಿನಲ್ಲಿ ನಿಂತಾಗಲೂ ಕೈ ತಾನೇ ಕಾಲನ್ನು ಕೆರೆಯಲು ಹೋಗುತ್ತದೆ. ಇದನ್ನು ಕಂಡ ಹಿರಿಯರ ಮಾತು ಒಂದೇ: "ಸರಿಯಾಗಿ ಜಳಕ ಮಾಡಿಲ್ಲ ನೀನು. ನಾಳೆ ಚೆಂದಾಗಿ ತಿಕ್ಕಿ ತೊಳಕೊಂಡು ಬಾ."

ಮರುದಿನ ನೀರು ಇನ್ನಷ್ಟು ಬಿಸಿ, ಸೋಪು ಇನ್ನಷ್ಟು ಹೆಚ್ಚು, ತಿಕ್ಕುವುದು ಇನ್ನಷ್ಟು ಜೋರು. ಆದರೆ ಮಧ್ಯಾಹ್ನದ ಹೊತ್ತಿಗೆ ಕಾಲು ನಿನ್ನೆಗಿಂತ ಬಿಳಿ, ತುರಿಕೆ ನಿನ್ನೆಗಿಂತ ಹೆಚ್ಚು. ಕಾರಣ ಸರಳವಾಗಿದೆ. ಆ ಬಿಳಿ ಗೆರೆ ಕೊಳೆಯೇ ಅಲ್ಲ. ಅದು ಒಣಗಿದ ಚರ್ಮ. ಒಣಗಿದ ಚರ್ಮವನ್ನು ಕೊಳೆಯೆಂದು ತಿಳಿದು ತೊಳೆಯಹೊರಟರೆ ಅದು ಮತ್ತಷ್ಟು ಒಣಗುತ್ತದೆ. ಕೆರೆದು ಕೆರೆದು ಗಾಯವಾಗಿ, ಉಗುರಿನ ರೋಗಾಣುಗಳು ಒಳಹೊಕ್ಕು ಕೀವು ತುಂಬುವುದುಂಟು. ರಾತ್ರಿಯೆಲ್ಲ ತುರಿಕೆಯಿಂದ ನಿದ್ದೆಗೆಟ್ಟ ಮಗು ತರಗತಿಯಲ್ಲಿ ತೂಕಡಿಸುವುದೂ ಉಂಟು. ಆದ್ದರಿಂದ ಜಳಕದ ವಿಜ್ಞಾನವನ್ನು ತುಸು ತಿಳಿದುಕೊಳ್ಳುವುದು ಮಕ್ಕಳಿಗೂ ಪೋಷಕರಿಗೂ ಒಳ್ಳೆಯದು.

ಇಟ್ಟಿಗೆ ಮತ್ತು ಗಾರೆ

ನಮ್ಮ ಚರ್ಮದ ಅತ್ಯಂತ ಹೊರಗಿನ ಪದರವನ್ನು ವಿಜ್ಞಾನಿಗಳು ಇಟ್ಟಿಗೆಯ ಗೋಡೆಗೆ ಹೋಲಿಸುತ್ತಾರೆ. ಹಂಪಿಯಲ್ಲಿ ರಾಣಿಯರ ಸ್ನಾನಗೃಹವನ್ನು ನೋಡಿದವರಿಗೆ ಈ ಹೋಲಿಕೆ ಸುಲಭವಾಗಿ ಹಿಡಿಯುತ್ತದೆ. ಇಟ್ಟಿಗೆ ಎಷ್ಟೇ ಗಟ್ಟಿಯಿರಲಿ, ನಡುವಿನ ಗಾರೆ ಉದುರಿದರೆ ಗೋಡೆ ಬಿರುಕು ಬಿಡುತ್ತದೆ. ಚರ್ಮದಲ್ಲಿ ಇಟ್ಟಿಗೆಗಳೆಂದರೆ ಸತ್ತು ಚಪ್ಪಟೆಯಾದ ಜೀವಕೋಶಗಳು. ಗಾರೆಯೆಂದರೆ ಅವುಗಳ ನಡುವೆ ತುಂಬಿಕೊಂಡಿರುವ ಸೆರಮೈಡ್, ಕೊಲೆಸ್ಟರಾಲ್ ಮತ್ತು ಕೊಬ್ಬಿನಾಮ್ಲಗಳ ಜಿಡ್ಡು. ದೇಹದ ಬಹುಭಾಗದಲ್ಲಿ ಈ ಗೋಡೆಯ ದಪ್ಪ ಮಿಲಿಮೀಟರಿನ ಐವತ್ತನೇ ಒಂದು ಪಾಲಿನಷ್ಟು, ಅಂದರೆ ನೋಟ್‌ಬುಕ್ಕಿನ ಹಾಳೆಗಿಂತಲೂ ತೆಳು. ದೇಹದೊಳಗಿನ ನೀರು ಆವಿಯಾಗಿ ಹೋಗದಂತೆ ತಡೆಯುವುದು, ಹೊರಗಿನ ರೋಗಾಣುಗಳು ಒಳಬಾರದಂತೆ ಕಾಯುವುದು ಈ ತೆಳು ಗೋಡೆಯೇ.

ಜಿಡ್ಡಿನ ಗಾರೆ ಕರಗಿದರೆ ನೀರು ಬೇಗ ಆವಿಯಾಗುತ್ತದೆ. ನೀರು ಕಳೆದುಕೊಂಡ ಕೋಶಗಳ ಅಂಚುಗಳು ಹೊಟ್ಟಿನಂತೆ ಮೇಲೇಳುತ್ತವೆ. ಬಿಳಿಯಾಗಿ ಕಾಣುವುದು ಇದೇ ಹೊಟ್ಟು. ಹೀಗಾಗಿ ಒಣಚರ್ಮಕ್ಕೆ ಮೂಲ ಕಾರಣ ಮೈಗೆ ನೀರು ಬೀಳದಿರುವುದಲ್ಲ, ನೀರನ್ನು ಹಿಡಿದಿಡುವ ಜಿಡ್ಡು ಹೋಗಿರುವುದು. ನೀರಿನಲ್ಲಿ ಮಿಂದೂ ಮೈ ಒಣಗುವ ವಿಚಿತ್ರದ ಗುಟ್ಟು ಇಷ್ಟೇ.

ಮೊಣಕಾಲಿನ ಕೆಳಭಾಗದಲ್ಲಿ ಎಣ್ಣೆ ಸ್ರವಿಸುವ ಗ್ರಂಥಿಗಳು ಮುಖಕ್ಕಿಂತ ಬಹಳ ಕಡಿಮೆ. ಚಿಕ್ಕ ಮಕ್ಕಳಲ್ಲಿ ಈ ಗ್ರಂಥಿಗಳು ಇನ್ನೂ ಚುರುಕಾಗಿರುವುದಿಲ್ಲ. ವಯಸ್ಸಾದವರಲ್ಲಿ ಮತ್ತೆ ಮಂದವಾಗುತ್ತವೆ. ಒಂದೇ ಮನೆಯಲ್ಲಿ ಮೊಮ್ಮಗನ ಕಾಲೂ ಅಜ್ಜಿಯ ಕಾಲೂ ಮೊದಲು ಬಿರಿಯುವುದು ಇದಕ್ಕಾಗಿಯೇ.

ಎಣ್ಣೆ ಹನಿಯ ಪರೀಕ್ಷೆ

ಕೊಳೆಯೋ ಒಣಚರ್ಮವೋ ಎಂದು ಮನೆಯಲ್ಲೇ ಪರೀಕ್ಷಿಸಬಹುದು. ಬಿಳುಪಾದ ಜಾಗಕ್ಕೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ. ಬಿಳುಪು ತಟ್ಟನೆ ಮಾಯವಾದರೆ ಅದು ಕೊಳೆಯಲ್ಲ. ಮಿರ್ಚಿ ಬಜ್ಜಿ ಕಟ್ಟಿಕೊಟ್ಟ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದ್ದೀರಲ್ಲವೇ? ಎಣ್ಣೆ ಹತ್ತಿದ ಕಡೆ ಕಾಗದ ಪಾರದರ್ಶಕವಾಗಿರುತ್ತದೆ. ಕಾಗದದ ನಾರುಗಳ ನಡುವಿನ ಗಾಳಿಯ ಜಾಗವನ್ನು ಎಣ್ಣೆ ತುಂಬಿದ್ದರಿಂದ ಬೆಳಕು ಚದುರುವುದು ಕಡಿಮೆಯಾಗುತ್ತದೆ. ಚರ್ಮದ ಹೊಟ್ಟಿನಲ್ಲಿ ನಡೆಯುವುದೂ ಇದೇ. ನೀರು ಸಹ ಸ್ವಲ್ಪ ಹೊತ್ತು ಇದೇ ಕೆಲಸ ಮಾಡುತ್ತದೆ. ಆದ್ದರಿಂದ ಬಚ್ಚಲಿನಿಂದ ಹೊರಬಂದಾಗ ಕಾಲು ಸ್ವಚ್ಛವಾಗಿ ಕಂಡು, ಒಣಗಿದ ಮೇಲೆ ಬಿಳುಪು ಮರಳುತ್ತದೆ. ನಿಜವಾದ ಕೊಳೆಯಾಗಿದ್ದರೆ ತೊಳೆದ ಅರ್ಧ ಗಂಟೆಯಲ್ಲಿ ಎಲ್ಲಿಂದ ಬಂದೀತು?

ನಮ್ಮ ಗಾಳಿ, ನಮ್ಮ ನೀರು

ನಮ್ಮದು ಪಶ್ಚಿಮ ಘಟ್ಟಗಳ ಮಳೆಯ ನೆರಳಿನಲ್ಲಿರುವ ಬಯಲುಸೀಮೆ. ದೀಪಾವಳಿಯಿಂದ ಯುಗಾದಿಯವರೆಗೆ ಗಾಳಿಯಲ್ಲಿ ತೇವ ಕಡಿಮೆ. ಮಂಗಳೂರಿನಲ್ಲಿ ದಿನವಿಡೀ ಒಣಗದ ಬಟ್ಟೆ ಇಲ್ಲಿ ಗಂಟೆಯೊಳಗೆ ಒಣಗುತ್ತದೆ. ಬಟ್ಟೆಯ ನೀರನ್ನು ಹೀರುವ ಈ ಗಾಳಿ ಮೈಯ ನೀರನ್ನು ಬಿಟ್ಟೀತೇ?

ಇನ್ನು ನೀರಿನ ಮಾತು. 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟೆಯ ಆಸುಪಾಸಿನಲ್ಲಿ ಹೊಳೆಯ ನೀರು, ಕಾಲುವೆಯ ನೀರು ಸಿಗುತ್ತದೆ. ಅದು ಸಾಮಾನ್ಯವಾಗಿ ಮೆದು. ಆದರೆ ಅನೇಕ ಬಡಾವಣೆ, ಹಳ್ಳಿಗಳಲ್ಲಿ ಬಳಕೆಗೆ ಕೊಳವೆ ಬಾವಿಯೇ ಗತಿ. ಬಂಡೆಯ ಬಿರುಕುಗಳಲ್ಲಿ ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡು ಗಡಸಾಗುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ಒಪ್ಪಿರುವ ಗಡಸುತನ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರೇ ಇಲ್ಲದಿದ್ದಾಗ 600 ಮಿಲಿಗ್ರಾಂವರೆಗೆ ಸಮ್ಮತಿ.

ವಿದ್ಯಾರ್ಥಿಗಳು ಒಂದು ಪ್ರಯೋಗ ಮಾಡಬಹುದು. ಎರಡು ಒಂದೇ ಅಳತೆಯ ಬಾಟಲಿಗಳಲ್ಲಿ ಅರ್ಧದಷ್ಟು ನೀರು ತುಂಬಿ. ಒಂದರಲ್ಲಿ ಕಾಲುವೆಯ ಅಥವಾ ಮಳೆಯ ನೀರು, ಇನ್ನೊಂದರಲ್ಲಿ ಕೊಳವೆ ಬಾವಿಯದು. ಸೋಪು ಕರಗಿಸಿದ ನೀರನ್ನು ಹನಿಹನಿಯಾಗಿ ಹಾಕಿ ಕುಲುಕುತ್ತಾ ಹೋಗಿ. ನೊರೆ ನಿಲ್ಲಲು ಯಾವುದಕ್ಕೆ ಎಷ್ಟು ಹನಿ ಬೇಕಾಯಿತೆಂದು ಬರೆದಿಡಿ. ಗಡಸು ನೀರಿನಲ್ಲಿ ನೊರೆ ಬರುವ ಮೊದಲು ಒಡೆದ ಹಾಲಿನಂತೆ ಗಷ್ಟು ಮೂಡುತ್ತದೆ. ಸೋಪಿನಲ್ಲಿರುವ ಸೋಡಿಯಂನ ಜಾಗಕ್ಕೆ ಕ್ಯಾಲ್ಸಿಯಂ ಬಂದು ಸೇರಿದಾಗ ನೀರಿನಲ್ಲಿ ಕರಗದ ವಸ್ತು ಉಂಟಾಗುತ್ತದೆ. ಬಕೆಟ್ಟಿನ ಅಂಚಿಗೆ ಬೂದುಬಣ್ಣದ ಪಟ್ಟಿಯಾಗಿ ಅಂಟುವುದು ಅದೇ. ಚರ್ಮಕ್ಕೆ ಅಂಟುವುದೂ ಅದೇ.

2017ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದ ಸಂಶೋಧನೆಯೊಂದು, ಗಡಸು ನೀರಿನಲ್ಲಿ ತೊಳೆದಾಗ ಮಾರ್ಜಕದ ಅಂಶ ಚರ್ಮದ ಮೇಲೆ ಹೆಚ್ಚು ಉಳಿದು ಕೆರಳಿಸುತ್ತದೆಂದು ತೋರಿಸಿತು. ಹಾಗೆಂದು ದುಬಾರಿ ಯಂತ್ರ ಕೊಳ್ಳಲು ಓಡಬೇಕಾಗಿಲ್ಲ. ಅದೇ ದೇಶದಲ್ಲಿ ಇಸಬು ಇರುವ 336 ಮಕ್ಕಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮನೆಗೆ ನೀರು ಮೆದುಗೊಳಿಸುವ ಯಂತ್ರ ಕೂರಿಸಿದ್ದರಿಂದ ಕಾಯಿಲೆಯಲ್ಲಿ ಹೆಚ್ಚಿನ ಲಾಭ ಕಾಣಲಿಲ್ಲ. ಸೋಪು ಕಡಿಮೆ ಬಳಸಿ ಚೆನ್ನಾಗಿ ತೊಳೆದುಕೊಂಡು, ಕೊನೆಯ ಎರಡು ಚೊಂಬು ಹೊಳೆಯ ಅಥವಾ ಮಳೆಯ ನೀರು ಸುರಿದುಕೊಂಡರೆ ಖರ್ಚಿಲ್ಲದೆ ಕೆಲಸವಾಗುತ್ತದೆ.

ಸೋಪಿನ ಲೆಕ್ಕ

ಆರೋಗ್ಯವಂತ ಚರ್ಮದ ಮೇಲ್ಮೈ ತುಸು ಆಮ್ಲೀಯ. ಅದರ ಪಿಎಚ್ ಸುಮಾರು 5. ಸಾಮಾನ್ಯ ಸೋಪಿನದು 9ರಿಂದ 10, ಅಂದರೆ ಕ್ಷಾರ. ಸೋಪು ಕೊಳೆಯ ಜಿಡ್ಡು ಯಾವುದು, ಚರ್ಮದ ಜಿಡ್ಡು ಯಾವುದು ಎಂದು ನೋಡುವುದಿಲ್ಲ. ಎರಡನ್ನೂ ಒಯ್ಯುತ್ತದೆ. ಸೋಪಿನ ಹೊದಿಕೆಯ ಮೇಲೆ ಟಿಎಫ್‌ಎಂ ಎಂಬ ಅಂಕಿ ಇರುತ್ತದೆ. ಅದು ಸೋಪಿನಲ್ಲಿರುವ ಒಟ್ಟು ಕೊಬ್ಬಿನ ಅಂಶದ ಪ್ರಮಾಣ. ಶೇ 76 ಅಥವಾ ಹೆಚ್ಚಿದ್ದರೆ ಮೊದಲ ದರ್ಜೆ, 70 ಇದ್ದರೆ ಎರಡನೆಯದು, 60 ಇದ್ದರೆ ಮೂರನೆಯದು. 'ಬೇದಿಂಗ್ ಬಾರ್' ಎಂದು ಬರೆದವುಗಳಲ್ಲಿ ಶೇ 40ರಷ್ಟಿದ್ದರೂ ಸಾಕು. ಕೊಳ್ಳುವಾಗ ಪರಿಮಳದ ಜೊತೆ ಈ ಅಂಕಿಯನ್ನೂ ನೋಡಿ. ಆದರೆ ಅಂಕಿ ಹೆಚ್ಚಿದ್ದ ಮಾತ್ರಕ್ಕೆ ಸೋಪಿನ ಕ್ಷಾರಗುಣ ಹೋಗುವುದಿಲ್ಲ ಎಂಬುದೂ ನೆನಪಿರಲಿ.

ದಿನವೂ ಅಡಿಯಿಂದ ಮುಡಿಯವರೆಗೆ ಸೋಪು ಹಚ್ಚಬೇಕಾಗಿಲ್ಲ. ಕಂಕುಳು, ತೊಡೆಸಂದು, ಪಾದ, ಕೈ ಇವಕ್ಕೆ ಸಾಕು. ಕೈಕಾಲಿನ ಉಳಿದ ಭಾಗಕ್ಕೆ, ಬೆನ್ನಿಗೆ ಬರೀ ನೀರು ಸಾಲುತ್ತದೆ. ಸಂಡೂರಿನ ಗಣಿ ದಾರಿಯಲ್ಲಿ ಓಡಾಡುವ ಮಕ್ಕಳಿಗೆ ಮಾತ್ರ ಕೆಂಪು ದೂಳಿನ ಸಮಸ್ಯೆ ಬೇರೆ. ಕಬ್ಬಿಣದ ಅದಿರಿನ ಆ ದೂಳನ್ನು ತೊಳೆಯಲೇಬೇಕು. ಮೊದಲು ಬರೀ ನೀರು ಸುರಿದು ಸಡಿಲ ದೂಳನ್ನು ಹೋಗಲಾಡಿಸಿ, ಆಮೇಲೆ ಅಂಗೈಯಲ್ಲಿ ತೆಳುವಾಗಿ ಸೋಪು ಹಚ್ಚಿದರಾಯಿತು. ಕಲ್ಲು, ನೈಲಾನ್ ಬ್ರಷ್‌ಗಳಿಂದ ಉಜ್ಜಿದರೆ ದೂಳಿನ ಜೊತೆ ಗೋಡೆಯ ಇಟ್ಟಿಗೆಗಳೂ ಕಿತ್ತುಬರುತ್ತವೆ.

ಕಂಪ್ಲಿಯ ಗದ್ದೆಗಳಲ್ಲಿ ನಾಟಿ ಮಾಡುವವರ ಕೈಕಾಲು ಬಿರಿಯುವುದೂ ಇದೇ ವರ್ಗದ ತೊಂದರೆ. ಗಂಟೆಗಟ್ಟಲೆ ನೀರಿನಲ್ಲಿದ್ದಾಗ ಚರ್ಮದಲ್ಲಿ ತೇವ ಹಿಡಿದಿಡುವ ಸಹಜ ವಸ್ತುಗಳು ಕರಗಿಹೋಗುತ್ತವೆ. ಗದ್ದೆಯಿಂದ ಮೇಲೆ ಬಂದು ಬಿಸಿಲಿನಲ್ಲಿ ಒಣಗಿದಾಗ ಹಿಮ್ಮಡಿ ಒಡೆಯುತ್ತದೆ.

ಹಂಡೆಯಿಂದ ಶವರ್‌ಗೆ

ಹಂಡೆಯ ಕಾಲದಲ್ಲಿ ಕಾದ ನೀರನ್ನು ಬಕೆಟ್ಟಿಗೆ ಸುರಿದು, ತಣ್ಣೀರು ಬೆರೆಸಿ, ಕೈ ಅದ್ದಿ ನೋಡಿ ಮೀಯುತ್ತಿದ್ದರು. ಬಕೆಟ್ಟು ಮುಗಿದರೆ ಜಳಕವೂ ಮುಗಿಯಿತು. ಇಂದು ಗೀಸರ್, ಸೋಲಾರ್ ಮತ್ತು ಶವರ್ ಅನೇಕ ಮನೆಗಳಿಗೂ ವಸತಿನಿಲಯಗಳಿಗೂ ಬಂದಿವೆ. ಶವರ್‌ಗೆ ಬಕೆಟ್ಟಿನ ಮಿತಿ ಇಲ್ಲ. ಚಳಿಯಲ್ಲಿ ಬಿಸಿನೀರಿನ ಕೆಳಗೆ ಕಾಲು ಗಂಟೆ ನಿಂತರೆ ಹಿತವೆನಿಸುವುದು ನಿಜ. ಆದರೆ ಜಿಡ್ಡು ಹತ್ತಿದ ಬೋಗುಣಿ ತಣ್ಣೀರಿಗಿಂತ ಬಿಸಿನೀರಿನಲ್ಲಿ ಬೇಗ ಸ್ವಚ್ಛವಾಗುವಂತೆ, ಬಿಸಿ ಹೆಚ್ಚಿದಷ್ಟೂ ಚರ್ಮದ ಜಿಡ್ಡು ಬೇಗ ಸಡಿಲವಾಗುತ್ತದೆ. ಮೈ ಕೆಂಪಾಯಿತೆಂದರೆ ನೀರು ಅಗತ್ಯಕ್ಕಿಂತ ಬಿಸಿಯಾಗಿದೆ ಎಂದರ್ಥ. ಮೊಣಕೈಗೆ ಸೋಕಿಸಿದಾಗ ಉಗುರುಬೆಚ್ಚಗೆ ಅನಿಸಿದರೆ ಸರಿ. ಐದರಿಂದ ಹತ್ತು ನಿಮಿಷ ಸಾಕು. ಸೋಪು ಹಚ್ಚುವಾಗ ನಲ್ಲಿ ನಿಲ್ಲಿಸಿದರೆ ನೀರೂ ಉಳಿಯುತ್ತದೆ.

ದೊರೆಯ ಎಣ್ಣೆ ಮಜ್ಜನ

ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯೆಸ್ ಶ್ರೀಕೃಷ್ಣದೇವರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ. ದೊರೆ ಬೆಳಕು ಹರಿಯುವ ಮೊದಲೇ ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಅದನ್ನೇ ಹಚ್ಚಿಸಿಕೊಂಡು, ಭಾರ ಎತ್ತಿ, ಕತ್ತಿವರಸೆ ಮಾಡಿ, ಕುಸ್ತಿಯಾಡಿ, ಕುದುರೆ ಸವಾರಿ ಮುಗಿಸಿ ಆಮೇಲೆ ಮೀಯುತ್ತಿದ್ದನಂತೆ. ಎಣ್ಣೆ ಕುಡಿಯುವುದನ್ನು ನಾವು ಅನುಕರಿಸಬೇಕಾಗಿಲ್ಲ. ಆದರೆ ಇದೇ ಬಿಸಿಲು, ಇದೇ ಒಣಗಾಳಿಯ ನಾಡಿನಲ್ಲಿ ಜಳಕಕ್ಕೆ ಮೊದಲು ಎಣ್ಣೆ ಎಂಬ ಕ್ರಮ ಬೇರೂರಿದ್ದು ಅರ್ಥಪೂರ್ಣವಾಗಿದೆ. ಮೊದಲೇ ಹಚ್ಚಿದ ಎಣ್ಣೆ ಸೋಪಿನ ಹೊಡೆತವನ್ನು ತಾನು ತಿಂದು ಚರ್ಮದ ಜಿಡ್ಡನ್ನು ಬಹುಪಾಲು ಉಳಿಸುತ್ತದೆ. ಎಣ್ಣೆ ತೆಗೆಯಲು ಬಳಸುತ್ತಿದ್ದ ಕಡಲೆಹಿಟ್ಟು, ಹೆಸರುಹಿಟ್ಟು ಸೋಪಿನಂತೆ ತೀಕ್ಷ್ಣ ಕ್ಷಾರವೂ ಅಲ್ಲ.

ವಾರಕ್ಕೊಮ್ಮೆ ಎಣ್ಣೆಸ್ನಾನ ಒಳ್ಳೆಯದೇ. ಆದರೆ ದಿನನಿತ್ಯದ ರಕ್ಷಣೆ ಇರುವುದು ಜಳಕದ ನಂತರದ ಮೊದಲ ಎರಡು ಮೂರು ನಿಮಿಷಗಳಲ್ಲಿ. ಟವೆಲಿನಿಂದ ಉಜ್ಜದೆ ಒತ್ತಿ ಒರೆಸಿ, ಮೈ ಇನ್ನೂ ತುಸು ಹಸಿಯಿರುವಾಗಲೇ ಕೈಕಾಲಿಗೆ ತೆಳುವಾಗಿ ಎಣ್ಣೆ ಅಥವಾ ವ್ಯಾಸಲೀನ್ ಸವರಬೇಕು. ಚರ್ಮ ಹೀರಿಕೊಂಡಿರುವ ನೀರಿಗೆ ಅದು ಮುಚ್ಚಳವಾಗುತ್ತದೆ. ಪೂರ್ತಿ ಒಣಗಿದ ಮೇಲೆ ಹಚ್ಚಿದರೆ ಖಾಲಿ ಪಾತ್ರೆಗೆ ಮುಚ್ಚಳ ಇಟ್ಟಂತೆ. ಹೆಚ್ಚಿನ ಬೆಲೆಯ ಕ್ರೀಮೇ ಆಗಬೇಕೆಂದಿಲ್ಲ. 2004ರಲ್ಲಿ ಫಿಲಿಪ್ಪೀನ್ಸಿನ ವೈದ್ಯರು ಒಣಚರ್ಮದವರಿಗೆ ಕೊಬ್ಬರಿ ಎಣ್ಣೆ ಕೊಟ್ಟು ಪರೀಕ್ಷಿಸಿದಾಗ ಅದು ಔಷಧಿ ಅಂಗಡಿಯ ಖನಿಜ ಎಣ್ಣೆಯಷ್ಟೇ ಉಪಯುಕ್ತವೆಂದು ಕಂಡುಬಂತು. ನಮ್ಮ ಕಡೆಯ ಸೂರ್ಯಕಾಂತಿ, ಕುಸುಬೆ ಎಣ್ಣೆಗಳೂ ಆಗುತ್ತವೆ. ಮೊಡವೆ ಏಳುವ ವಯಸ್ಸಿನವರು ಮುಖಕ್ಕೆ ಎಣ್ಣೆ ಹಚ್ಚುವುದು ಬೇಡ. ಅಂಗಾಲಿಗೆ ಹಚ್ಚಿದರೆ ಜಾರಿ ಬೀಳದಂತೆ, ಮುಖ್ಯವಾಗಿ ಅಜ್ಜ ಅಜ್ಜಿಯರು, ಎಚ್ಚರ ವಹಿಸಬೇಕು. ಸಕ್ಕರೆ ಕಾಯಿಲೆ ಇರುವವರು ಕಾಲ್ಬೆರಳ ಸಂದಿಯಲ್ಲಿ ಎಣ್ಣೆ ನಿಲ್ಲಗೊಡಬಾರದು.

ಎಲ್ಲ ತುರಿಕೆಯೂ ಒಣಚರ್ಮವಲ್ಲ

ರಾತ್ರಿ ತುರಿಕೆ ಹೆಚ್ಚಾಗಿ, ಬೆರಳ ಸಂದಿ, ಮಣಿಕಟ್ಟು, ಹೊಕ್ಕುಳ ಸುತ್ತ ಗುಳ್ಳೆಗಳೆದ್ದು, ಮನೆಯವರಿಗೆಲ್ಲ ಹರಡಿದ್ದರೆ ಅದು ಕಜ್ಜಿಯಾಗಿರಬಹುದು. ಅದಕ್ಕೆ ಕಾರಣ ಚರ್ಮದೊಳಗೆ ಕೊರೆಯುವ ಸೂಕ್ಷ್ಮ ಕೀಟ. ಎಣ್ಣೆಯಿಂದ ಅದು ವಾಸಿಯಾಗದು, ಮನೆಮಂದಿಗೆಲ್ಲ ಒಟ್ಟಿಗೆ ಔಷಧಿ ಬೇಕು. ಉಂಗುರದಂತೆ ಅಂಚು ಕಟ್ಟಿಕೊಂಡು ಹರಡುವುದು ಹುಳುಕಡ್ಡಿ. ಸ್ಪರ್ಶಜ್ಞಾನವಿಲ್ಲದ ಮಚ್ಚೆ, ಕೀವು ತುಂಬಿದ ಬಿರುಕು, ಎರಡು ವಾರ ಎಣ್ಣೆ ಹಚ್ಚಿದರೂ ತಗ್ಗದ ತುರಿಕೆ ಇವೆಲ್ಲ ವೈದ್ಯರಿಗೆ ತೋರಿಸಬೇಕಾದವು. ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಮುಲಾಮು ಮೊದಲು ತುರಿಕೆಯನ್ನು ಅಡಗಿಸಿದಂತೆ ತೋರಿ, ಹುಳುಕಡ್ಡಿಯನ್ನು ಮತ್ತಷ್ಟು ಹರಡಿಸುತ್ತದೆ, ಚರ್ಮವನ್ನು ತೆಳುವಾಗಿಸುತ್ತದೆ.

ಪರೀಕ್ಷೆಗಳು ಬರುವುದು ಗಾಳಿ ಅತ್ಯಂತ ಒಣಗಿರುವ ಮಾರ್ಚ್ ತಿಂಗಳಿನ ಸುಮಾರಿಗೇ. ಮಕ್ಕಳ ನಿದ್ದೆ ಕಾಪಾಡಲು ಪೋಷಕರು ಮಾಡಬೇಕಾದ್ದು ಕಷ್ಟದ್ದೇನಲ್ಲ: ಉಗುರುಬೆಚ್ಚಗಿನ ನೀರು, ಮಿತವಾದ ಸೋಪು, ಒತ್ತಿ ಒರೆಸುವ ಟವೆಲು, ಹಸಿ ಮೈಗೆ ಒಂದು ಚಮಚ ಎಣ್ಣೆ. ಚರ್ಮದ ಹೊರಪದರ ಪೂರ್ತಿ ಹೊಸದಾಗಲು ಸುಮಾರು ನಾಲ್ಕು ವಾರ ಹಿಡಿಯುತ್ತದೆ, ಆದ್ದರಿಂದ ನಾಲ್ಕು ದಿನಕ್ಕೇ ಬೇಸತ್ತು ಬಿಡಬಾರದು. ಮಗುವಿನ ಕಾಲಿನ ಮೇಲೆ ಬಿಳಿ ಗೆರೆ ಕಂಡರೆ ಗದರಿಸುವ ಮೊದಲು ಒಂದು ಹನಿ ಎಣ್ಣೆ ಸವರಿ ನೋಡಿ. ಜಳಕ ಸರಿಯಾಗಿ ಮಾಡಿಯೂ ಬೈಸಿಕೊಳ್ಳುವ ಕಷ್ಟ ಆ ಮಗುವಿಗೆ ತಪ್ಪಲಿ.